ಕೆಂಪು ಪುಟ ಬಂದರೆ ಕ್ಲಿಕ್ ಮಾಡಬೇಡಿ ಅನ್ನುವ ಮೊದಲು ನಾನು ಮಾಡಿದ ಕೆಲಸ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸುಮಾರು 140 ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಒಂದು ದಿನ ಅಕೌಂಟ್ಸ್ ವಿಭಾಗದ ಮೇಡಂ ಒಬ್ಬರು ಗಾಬರಿಯಿಂದ ಬಂದರು. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದ್ದರು. ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿತ್ತು. ಅದನ್ನು ದಾಟಿ ಹೋಗಿ ಬ್ಯಾಂಕಿನ ಹಾಗೆ ಕಾಣುವ ಪುಟದಲ್ಲಿ ಪಾಸ್‌ವರ್ಡ್ ಹಾಕಿಬಿಟ್ಟಿದ್ದರು. ತಕ್ಷಣ ಪಾಸ್‌ವರ್ಡ್ ಬದಲಿಸಿದ್ದರಿಂದ ಹಣ ಉಳಿಯಿತು. ಎಚ್ಚರಿಕೆ ಬಂದರೂ ಯಾಕೆ ಮುಂದೆ ಹೋದಿರಿ ಎಂದು ಕೇಳಿದೆ. ‘ನಮ್ಮ ಅಟೆಂಡೆನ್ಸ್ ಪುಟಕ್ಕೂ ದಿನಾ ಹೀಗೇ ಬರುತ್ತಲ್ಲ ಸರ್’ ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಸೈಟ್ ಅಸಲಿಯೇ ಎಂದು ಬ್ರೌಸರ್‌ಗೆ ತೋರಿಸುವ ಗುರುತಿನ ಚೀಟಿಯೇ ಸರ್ಟಿಫಿಕೇಟ್. ಅಟೆಂಡೆನ್ಸ್ ಸರ್ವರ್‌ಗೆ ತಾನೇ ಸಹಿ ಹಾಕಿಕೊಂಡ, ಬ್ರೌಸರ್ ನಂಬದ ಸರ್ಟಿಫಿಕೇಟ್ ಇಟ್ಟವನು ನಾನೇ. ‘ಅಡ್ವಾನ್ಸ್ಡ್ ಒತ್ತಿ, ಆಮೇಲೆ ಪ್ರೊಸೀಡ್ ಒತ್ತಿ’ ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವನೂ ನಾನೇ.

ಎಚ್ಚರಿಕೆಯನ್ನು ದಾಟುವ ದಾರಿ ಮುಚ್ಚುವುದು ಐದು ನಿಮಿಷದ ಕೆಲಸ. ಕ್ರೋಮ್‌ಗೂ ಎಡ್ಜ್‌ಗೂ ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಕಂಪ್ಯೂಟರ್‌ಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಹಾಕುವ ವಿಂಡೋಸ್ ವ್ಯವಸ್ಥೆ) ‘ಎಸ್‌ಎಸ್‌ಎಲ್‌ಎರರ್‌ಓವರ್‌ರೈಡ್‌ಅಲೌಡ್’ ಎಂಬ ಒಂದೇ ಹೆಸರಿನ ಸೆಟ್ಟಿಂಗ್ ಇದೆ. ಅದನ್ನು ಡಿಸೇಬಲ್ ಮಾಡಿದರೆ ಪ್ರೊಸೀಡ್ ಲಿಂಕ್ ಕೆಲಸ ಮಾಡುವುದಿಲ್ಲ. ಹೆಸರು ಒಂದೇ ಆದರೂ ಆ ಸೆಟ್ಟಿಂಗ್ ಕೊಡುವ ಟೆಂಪ್ಲೇಟ್ ಫೈಲ್‌ಗಳು ಬೇರೆ, ಎರಡೂ ಕಡೆ ಹಾಕಬೇಕು. ಆದರೆ ಅಂದೇ ಮುಚ್ಚಿದ್ದರೆ ಮರುದಿನ ಬೆಳಿಗ್ಗೆ ಯಾರ ಹಾಜರಿಯೂ ಕಾಣುತ್ತಿರಲಿಲ್ಲ. ಹಾಗಾಗಿ ಮೊದಲು ನಮ್ಮ ಮನೆ ಸರಿ ಮಾಡಿಕೊಳ್ಳೋಣ ಎಂದುಕೊಂಡೆ.

ಒಳಗಿನ ಪುಟಗಳ ಪಟ್ಟಿ ಮಾಡಿದಾಗ ಹನ್ನೊಂದು ಸಿಕ್ಕವು: ಅಟೆಂಡೆನ್ಸ್, ಸ್ಟೋರ್ಸ್, ಬ್ಯಾಕಪ್ ಡಬ್ಬಿ, ಕ್ಯಾಮೆರಾ ರೆಕಾರ್ಡರ್, ಪ್ರಿಂಟರ್‌ಗಳು. ವಿಂಡೋಸ್ ಸರ್ವರ್‌ನಲ್ಲೇ ನಮ್ಮದೊಂದು ಸರ್ಟಿಫಿಕೇಟ್ ಅಥಾರಿಟಿ (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ವ್ಯವಸ್ಥೆ) ಮಾಡಿ, ಅದರ ಸಹಿಯನ್ನು ಬ್ರೌಸರ್ ನಂಬಲು ಬೇಕಾದ ರೂಟ್ ಸರ್ಟಿಫಿಕೇಟನ್ನು ಗ್ರೂಪ್ ಪಾಲಿಸಿಯಿಂದ ಎಲ್ಲ ಕಂಪ್ಯೂಟರ್‌ಗೂ ಕಳಿಸಿದೆ. ಆ ರೂಟ್‌ನ ಖಾಸಗಿ ಕೀ, ಅಂದರೆ ಸಹಿ ಹಾಕುವ ಗುಟ್ಟಿನ ಕೀಲಿ, ಯಾರ ಕೈಗಾದರೂ ಸಿಕ್ಕರೆ ಯಾವ ಬ್ಯಾಂಕಿನ ಹೆಸರಿನಲ್ಲಾದರೂ ನಮ್ಮವರನ್ನು ನಂಬಿಸಬಹುದು. ಅದಕ್ಕೇ ಆ ಸರ್ವರ್‌ಗೆ ಲಾಗಿನ್ ಆಗುವವರು ಇಬ್ಬರೇ, ಕೀ ಬ್ಯಾಕಪ್ ಬೀರುವಿನಲ್ಲಿ ಬೀಗದೊಳಗೆ. ಇದರಲ್ಲಿ ಮಾತ್ರ ಸಡಿಲ ಬಿಡಬೇಡಿ.

ಮೊದಲ ಸರ್ಟಿಫಿಕೇಟ್ ಹಾಕಿದಾಗ ಅದರಲ್ಲಿರುವ ಹೆಸರು ಪುಟದ ವಿಳಾಸಕ್ಕೆ ಹೊಂದುತ್ತಿಲ್ಲ ಎಂಬ ದೋಷ ಬಂತು. ಅರ್ಧ ದಿನ ಹೋಯಿತು. 2017ರಲ್ಲಿ ಬಂದ ಕ್ರೋಮ್ 58ರಿಂದ ಸರ್ಟಿಫಿಕೇಟಿನ ‘ಕಾಮನ್ ನೇಮ್’ ಜಾಗದಲ್ಲಿರುವ ಹೆಸರನ್ನು ಅದು ನೋಡುವುದೇ ಇಲ್ಲ. ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಎಂಬ ಇನ್ನೊಂದು ಜಾಗದಲ್ಲಿ ಹೆಸರು ಇರಲೇಬೇಕು. ನಮ್ಮ ಸ್ಟೋರ್ಸ್‌ನವರು ಹೆಸರಿನ ಬದಲು ಐಪಿ ನಂಬರ್ ಹೊಡೆಯುತ್ತಾರೆ, ಅದನ್ನೂ ಅಲ್ಲೇ ಸೇರಿಸಬೇಕಾಯಿತು. ಫೈರ್‌ಫಾಕ್ಸ್‌ಗೆ ತನ್ನದೇ ಸರ್ಟಿಫಿಕೇಟ್ ಪೆಟ್ಟಿಗೆ ಇದೆ. ವಿಂಡೋಸ್‌ನಲ್ಲಿರುವ ರೂಟನ್ನೂ ನಂಬುವಂತೆ ಅದಕ್ಕೆ ಬೇರೆ ಪಾಲಿಸಿ ಹಾಕಿದೆ.

ಆಮೇಲೆ ಹತ್ತು ಕಂಪ್ಯೂಟರ್‌ಗಳಲ್ಲಿ ಮಾತ್ರ ದಾರಿ ಮುಚ್ಚಿ ಎರಡು ವಾರ ನೋಡಿದೆ. ಕ್ರೋಮ್‌ನಲ್ಲಿ ಪಾಲಿಸಿ ಪುಟ ತೆರೆದರೆ ಯಾವುದು ಜಾರಿಯಾಗಿದೆ ಎಂದು ಅಲ್ಲೇ ಕಾಣುತ್ತದೆ. ಮೊದಲ ದೂರು ಮತ್ತೆ ಅಕೌಂಟ್ಸ್‌ನಿಂದಲೇ. ಡಿಜಿಟಲ್ ಸಹಿ ಹಾಕುವ ಒಂದು ಸಾಫ್ಟ್‌ವೇರ್ ಅದೇ ಕಂಪ್ಯೂಟರ್‌ನ 127.0.0.1 ವಿಳಾಸದಲ್ಲಿ ಪುಟ ತೆರೆದು, ಅದರ ಎಚ್ಚರಿಕೆ ಒಪ್ಪಿಕೊಳ್ಳಿ ಎನ್ನುತ್ತದೆ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಹತ್ತಿರವಿತ್ತು. ಇಂಥದ್ದಕ್ಕೆ ಕ್ರೋಮ್ ಮತ್ತು ಎಡ್ಜ್‌ನಲ್ಲಿ ಇನ್ನೊಂದು ಪಾಲಿಸಿ ಇದೆ: ಪಟ್ಟಿಯಲ್ಲಿ ಬರೆದ ವಿಳಾಸಕ್ಕೆ ಮಾತ್ರ ದಾಟಲು ಬಿಡುವುದು. ಆ ಒಂದು ವಿಳಾಸವನ್ನು, ಅಕೌಂಟ್ಸ್‌ನ ನಾಲ್ಕು ಕಂಪ್ಯೂಟರ್‌ಗಳಿಗೆ ಮಾತ್ರ ಸೇರಿಸಿದೆ. ಎಲ್ಲರಿಗೂ ಕೊಡುವುದು ಸುಲಭವಿತ್ತು, ಕೊಡಲಿಲ್ಲ.

ಗೇಟ್ ಬಳಿಯ ಹಳೇ ಕಂಪ್ಯೂಟರ್‌ನಲ್ಲಿ ಯಾವ ಪುಟವೂ ತೆರೆಯಲಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿತ್ತು. ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವೇ ಆಗಿಲ್ಲ ಎಂದು ಬ್ರೌಸರ್ ತಿಳಿಯುತ್ತಿತ್ತು, ಅಷ್ಟೇ. ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಬದಲಿಸಿದೆ, ಸರಿಹೋಯಿತು. ಮೊದಲು ಇಂಥ ದೋಷ ಪ್ರೊಸೀಡ್ ಒತ್ತಿದಾಗ ಮರೆಯಾಗಿಬಿಡುತ್ತಿತ್ತು, ಅಲ್ವಾ?

ಆಮೇಲೆ ವಿಭಾಗ ವಿಭಾಗವಾಗಿ ಎಲ್ಲ ಕಡೆ ಹಾಕಿದೆ. ಎರಡು ಹಳೇ ಪ್ರಿಂಟರ್‌ಗಳಿಗೆ ಹೊಸ ಸರ್ಟಿಫಿಕೇಟ್ ಹಾಕಲು ಬರಲೇ ಇಲ್ಲ. ಅವುಗಳ ಪುಟವನ್ನು ನನ್ನ ಕಂಪ್ಯೂಟರ್ ಒಂದರಿಂದಲೇ ನೋಡುತ್ತೇನೆ.

ಈಗ ಉಳಿದ ಕೆಲಸ ನಮ್ಮ ಹೊರಗಿನ ವೆಬ್‌ಸೈಟಿನದು. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2029ರಲ್ಲಿ 47 ದಿನ ಎಂದು ನಿಯಮವಾಗಿದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೈಯಲ್ಲಿ ನವೀಕರಿಸುವ ನನ್ನ ಪದ್ಧತಿ ಅದಕ್ಕೆ ಸಾಲದು. ತಾನಾಗಿಯೇ ನವೀಕರಣ ಆಗುವ ವ್ಯವಸ್ಥೆಯನ್ನು ಟೆಸ್ಟ್ ಸರ್ವರ್‌ನಲ್ಲಿ ಹಾಕಿ ನೋಡುತ್ತಿದ್ದೇನೆ.

ಮೊನ್ನೆ ಅದೇ ಮೇಡಂ ಫೋನ್ ಮಾಡಿದರು. ‘ಸರ್, ಕೆಂಪು ಪುಟ ಬಂದಿದೆ, ಏನೂ ಮುಟ್ಟಿಲ್ಲ, ಬಂದು ನೋಡಿ’ ಎಂದರು. ಹೋಗಿ ನೋಡಿದರೆ ಒಬ್ಬ ಸರಬರಾಜುದಾರರ ಸೈಟಿನ ಸರ್ಟಿಫಿಕೇಟ್ ಹಿಂದಿನ ರಾತ್ರಿ ಮುಗಿದಿತ್ತು. ಅವರಿಗೆ ಫೋನ್ ಮಾಡಿ ತಿಳಿಸಿದೆವು, ಮಧ್ಯಾಹ್ನದ ಹೊತ್ತಿಗೆ ಹೊಸದು ಹಾಕಿದರು.