ಮೊದ್ಲು ತಲೆಗೆ ಕಟ್ಟಿ ನೋಡಿ, ಡಿಸೈನ್ ಆಮೇಲೆ

ನಾನು ಸ್ಕಾರ್ಫ್ ಮೇಲೆ ಮೊದಲ ಸಲ ಎಂಬ್ರಾಯ್ಡರಿ ಹಾಕಿದ್ದು ಕಾಫಿ ಹೂವಿಂದು. ಗಿಳಿ ಹಸಿರು ಕಾಟನ್ ಬಟ್ಟೆ, ಬಿಳಿ ದಾರ, ಮೂರು ಸಂಜೆ ಸೀರಿಯಲ್ ಬಿಟ್ಟು ಕೂತು ಚೌಕದ ನಟ್ಟನಡುವೆ ದೊಡ್ಡ ಗೊಂಚಲು ಬಿಡಿಸಿದ್ದೆ. ಮಡಚಿ ತಲೆಗೆ ಕಟ್ಕೊಂಡು ಹೊರಗೆ ಬಂದ್ರೆ ಪಕ್ಕದ ಮನೆ ಆಂಟಿ ಗೇಟ್ ಹತ್ರ ನಿಂತು ನೋಡಿ, "ಅರ್ಧ ಹೂವು ಎಲ್ಲೋಯ್ತು ಮಗಾ, ಕೋತಿ ತಿಂತಾ?" ಅಂದ್ರು. ಕನ್ನಡಿ ನೋಡ್ಕೊಂಡ್ರೆ ನಿಜ, ಹಣೆ ಮೇಲೆ ಅರ್ಧ ಹೂವು, ಇನ್ನರ್ಧ ಒಳಮಡಿಕೇಲಿ ಕೂದಲಿಗೆ ಅಂಟ್ಕೊಂಡು ಕೂತಿದೆ. ಚೌಕವನ್ನ ಮೂಲೆಯಿಂದ ಮೂಲೆಗೆ ಮಡಚಿದ್ರೆ ನಟ್ಟನಡು ಅನ್ನೋದು ಮಡಿಕೆ ಗೆರೆ ಮೇಲೇ ಬರತ್ತೆ ಅನ್ನೋದು ಆಗ ನನ್ ತಲೆಗೆ ಹೊಳ್ದೇ ಇರ್ಲಿಲ್ಲ, ಬ್ಲೌಸ್ ಹೊಲಿಯೋಳಿಗೆ ಅಷ್ಟೂ ಗೊತ್ತಾಗ್ಲಿಲ್ವಾ ಅಂತ ನೀವು ಕೇಳ್ಬಹುದು, ಗೊತ್ತಾಗ್ಲಿಲ್ಲ ಅಷ್ಟೇ.

ಅವತ್ತಿಂದ ಒಂದು ಅಭ್ಯಾಸ ಮಾಡ್ಕೊಂಡಿದೀನಿ, ನೀವೂ ಇದನ್ನ ಮೊದ್ಲು ಮಾಡಿ. ಒಂದು ಹಳೇ ಲುಂಗಿಯೋ ಬೆಡ್‌ಶೀಟೋ ತಗೊಂಡು ನಿಮಗೆ ಬೇಕಾದ ಅಳತೆಗೆ ಚೌಕ ಕತ್ತರಿಸಿ, ನೀವು ದಿನಾ ಹೇಗೆ ಕಟ್ಕೊಳ್ತೀರೋ ಹಾಗೇ ತಲೆಗೆ ಕಟ್ಟಿ, ಮನೇಲಿ ಯಾರಾದ್ರೂ ಇದ್ರೆ ಅವರ ಕೈಗೆ ಟೈಲರ್ ಚಾಕ್ ಕೊಟ್ಟು ಹೊರಗೆ ಕಾಣೋ ಕಡೆಯೆಲ್ಲ ಗೀಚೋಕೆ ಹೇಳಿ. ಬಿಚ್ಚಿ ನೆಲದ ಮೇಲೆ ಹರಡಿದ್ರೆ ಆಶ್ಚರ್ಯ ಆಗತ್ತೆ. ಅರ್ಧ ಬಟ್ಟೆಗೆ ಚಾಕೇ ತಾಗಿರಲ್ಲ. ಹಣೆ ಮೇಲೆ ಬರೋ ಐದಾರು ಇಂಚಿನ ಪಟ್ಟಿ, ಗಂಟಿನ ಎರಡು ಬಾಲ, ಬೆನ್ನ ಮೇಲೆ ಬೀಳೋ ಮೂಲೆ, ಕಣ್ಣಿಗೆ ಬೀಳೋದು ಇಷ್ಟೇ. ನಿಮ್ಮ ದಾರ, ಬಣ್ಣ, ಮಣಿ ಎಲ್ಲ ಅಲ್ಲಿಗೆ ಮಾತ್ರ ಹೋಗ್ಲಿ, ಉಳಿದಿದ್ದು ಬರೀ ಲೈನಿಂಗ್ ಅನ್ಕೊಳಿ. ಇನ್ನೊಂದು, ಚಿತ್ರ ನೆಟ್ಟಗೆ ನಿಲ್ಲಬೇಕು ಅಂದ್ರೆ ಬಟ್ಟೆ ಅಂಚಿಗೆ ನೇರವಾಗಿ ಬರೀಬೇಡಿ, ಕರ್ಣಕ್ಕೆ ನೇರವಾಗಿ ಬರೀರಿ. ಇಲ್ಲಾಂದ್ರೆ ಆನೆ ಬಿಡಿಸಿದ್ರೆ ಆನೆ ಗುಡ್ಡ ಹತ್ತೋ ಹಾಗೆ ಓರೆ ಕಾಣತ್ತೆ.

ಅಳತೆ ಲೆಕ್ಕ ಹೇಳ್ತೀನಿ. ಹೆಂಗಸರ ತಲೆ ಸುತ್ತಳತೆ ಸಾಮಾನ್ಯವಾಗಿ 21-22 ಇಂಚು ಇರತ್ತೆ. ಅಂಗಡೀಲಿ ಸಿಗೋ 22 ಇಂಚಿನ ಚೌಕದ ಬಂಡಾನಾ ಮಡಚಿದ್ರೆ ಕರ್ಣ 31 ಇಂಚು, ಅಂದ್ರೆ ಗಂಟಿಗೆ ಒಂದೊಂದು ಕಡೆ ನಾಲ್ಕೂವರೆ ಇಂಚು ಮಾತ್ರ ಉಳಿಯೋದು, ಜಡೆ ದಪ್ಪ ಇದ್ರೆ ಅದೂ ಇಲ್ಲ, ಬಸ್ ಹತ್ತೋಷ್ಟರಲ್ಲಿ ಬಿಚ್ಚೋಗತ್ತೆ. 44 ಇಂಚು ಪನ್ನದ (ಅಗಲದ) ಮಲ್ ಕಾಟನ್, ಅಂದ್ರೆ ತೆಳ್ಳಗಿನ ಮೆತ್ತನೆ ಹತ್ತಿ ಬಟ್ಟೆ, ಒಂದು ಮೀಟರ್ ತಂದ್ರೆ 39 ಇಂಚಿನ ಚೌಕ ಸಿಗತ್ತೆ, ನೀರಲ್ಲಿ ಕುಗ್ಗಿ, ಅಂಚು ಮಡಚಿ ಹೊಲಿದ್ರೂ 37 ಹತ್ರ ನಿಲ್ಲತ್ತೆ, ಕರ್ಣ 52 ಇಂಚು. ಗಂಟು ಹಾಕಿ ಬಾಲ ಬಿಡೋಕೆ ಧಾರಾಳ. ಪಕ್ಕದಲ್ಲಿ ಐದಿಂಚಿನ ಒಂದು ಪಟ್ಟಿ ಉಳಿಯತ್ತಲ್ಲ ಅದನ್ನ ಬಿಸಾಕ್ಬೇಡಿ, ಆಮೇಲೆ ಕೆಲಸ ಇದೆ.

ಬಟ್ಟೆ ವಿಷಯದಲ್ಲಿ ನಾನು ಹಠಮಾರಿ, ದಿನಾ ಕಟ್ಟೋಕೆ ಮಲ್ ಕಾಟನ್ ಬಿಟ್ಟು ಬೇರೆ ಬೇಡ. ಜಾರ್ಜೆಟ್ ನೋಡೋಕೆ ಚಂದ, ಆದ್ರೆ ಹತ್ತು ನಿಮಿಷಕ್ಕೆ ಹಿಂದಕ್ಕೆ ಜಾರತ್ತೆ. ಸಿಲ್ಕೇ ಬೇಕು ಅಂದ್ರೆ ಹಣೆ ಬರೋ ಜಾಗದಲ್ಲಿ ಒಳಗಡೆ ಒಂದಿಂಚು ಅಗಲದ ವೆಲ್ವೆಟ್ ರಿಬ್ಬನ್, ನವಿರಿರೋ ಕಡೆ ಕೂದಲಿಗೆ ತಾಗೋ ಹಾಗೆ, ಎಂಟು ಇಂಚು ಉದ್ದ ಹೊಲಿದುಬಿಡಿ. ಆ ನವಿರು ಕೂದಲನ್ನ ಹಿಡ್ಕೊಳತ್ತೆ, ಪಿನ್ನೇ ಬೇಡ. ಈ ಉಪಾಯ ನಾನು ಕಲಿತದ್ದು ನನ್ ಹತ್ರ ಹೊಲಿಸೋಕೆ ಬರೋ ಕಾಲೇಜ್ ಹುಡುಗೀರು ಹಿಜಾಬ್ ಒಳಗೆ ಹಾಕೋ ಕಾಟನ್ ಟೋಪಿ ನೋಡಿ, ಒಳಗೊಂದು ಜಾರದೇ ಇರೋ ಪದರ ಇದ್ರೆ ಮೇಲೆ ಎಂಥಾ ಬಟ್ಟೆನಾದ್ರೂ ಹಾಕ್ಬಹುದು.

ಕಟ್ಟೋ ರೀತಿಗೆ ಬರೋಣ. ಇಲ್ಲಿ ಕೊಡಗಲ್ಲಿ ಕೊಡವ ಹೆಂಗಸರು ಕಟ್ಟೋ ವಸ್ತ್ರ ನೀವು ನೋಡೇ ಇರ್ತೀರಾ, ಮದುವೆ ಮನೇಲಿ ಸೀರೆ ನೆರಿಗೆ ಹಿಂದಕ್ಕೆ, ತಲೆ ಮೇಲೆ ವಸ್ತ್ರ, ಅದರ ಗಂಟು ಕತ್ತಿನ ಹಿಂದೆ. ಆಂಟಿ ನನಗೆ ಕಲಿಸಿದ್ದು ಹೀಗೆ: ತ್ರಿಕೋನ ಮಡಚಿ, ಉದ್ದದ ಅಂಚು ಹುಬ್ಬಿಂದ ಮೂರು ಬೆರಳು ಮೇಲೆ ಇಟ್ಟು, ಎರಡು ತುದಿ ಕಿವಿ ಹಿಂದಿಂದ ತಗೊಂಡು ಹೋಗಿ, ಬೆನ್ನ ಮೇಲೆ ಬಿದ್ದಿರೋ ಮೂಲೆ ಮೇಲೇ, ತುರುಬಿನ ಕೆಳಗೆ ಗಂಟು. ಮುಂದೆ ಗಲ್ಲದ ಕೆಳಗೆ ಕಟ್ಟಿದ್ರೆ ಕೆಲಸ ಮಾಡ್ವಾಗ ಕತ್ತು ಬಿಗಿಯತ್ತೆ, ಹಿಂದೆ ಕಟ್ಟಿದ್ರೆ ಬಗ್ಗಿದ್ರೂ ಎದ್ರೂ ಅಲ್ಲಾಡಲ್ಲ. ಒಂದು ಮಾತು, ಕೆಂಪು ರೇಷ್ಮೆ ವಸ್ತ್ರ ಮದುಮಗಳದ್ದು, ಯಾರದ್ದೋ ಮದುವೆಗೆ ಫ್ಯಾಷನ್ ಅಂತ ನೀವೂ ಅದೇ ಕಟ್ಕೊಂಡು ಹೋಗ್ಬೇಡಿ. ಗಂಡಸರ ಮಂಡೆತುಣಿ (ಪೇಟ) ತಂಟೆಗಂತೂ ನಾನು ಹೋಗಲ್ಲ, ಅದನ್ನ ಕಟ್ಟೋಕೆ ಬೇರೇನೇ ಕೈ ಬೇಕು.

ತೋಟದ ಕೆಲಸಕ್ಕೆ ಇದೇ ಕಟ್ಟನ್ನ ಸ್ವಲ್ಪ ಬದಲಾಯಿಸ್ಬೇಕು. ಕಾಫಿ ಕುಯ್ಯುವಾಗ ಕೊಂಬೆ ಎಳೆದ್ರೆ ಕೆಂಜಿಗ ಸೀದಾ ಕತ್ತಿನೊಳಗೆ ಬೀಳತ್ತೆ, ಕಚ್ಚಿಸ್ಕೊಂಡೋರಿಗೆ ಗೊತ್ತು. ಹಾಗಾಗಿ ಚೌಕವನ್ನ ಸರಿ ಅರ್ಧಕ್ಕೆ ಮಡಚ್ಬೇಡಿ, ಒಂದು ಮೂಲೆಯನ್ನ ಒಳಗಡೆಗೆ ಒಂದು ಗೇಣು ಮಾತ್ರ ಮಡಚಿ ಆ ಮಡಿಕೆ ಹಣೆಗೆ ಇಡಿ, ಆಗ ಹಿಂದೆ ಬೀಳೋ ಬಟ್ಟೆ ಉದ್ದ ಆಗಿ ಭುಜದವರೆಗೂ ಮುಚ್ಚತ್ತೆ. ಗಂಟನ್ನ ಈ ಸಲ ಬಟ್ಟೆ ಮೇಲಲ್ಲ, ಒಳಗಡೆ ಹಾಕಿ, ಹಿಂದಿನದು ಪರದೆ ತರ ಇಳಿಬಿಟ್ಕೊಂಡಿರತ್ತೆ. ಇದಕ್ಕೆ ಡಿಸೈನ್ ಮಾಡೋದಾದ್ರೆ ಬೆನ್ನ ಕಡೆಗೇ ಮಾಡಿ, ಸಾಲಲ್ಲಿ ಹಿಂದೆ ಬರೋರಿಗೆ ಕಾಣೋದು ಅದೇ. ಗಾಢ ಬಣ್ಣ ಇರ್ಲಿ, ಕಾಫಿ ಹಣ್ಣಿನ ರಸ, ಮಣ್ಣು ತಾಗಿದ್ರೆ ತಿಳಿ ಬಣ್ಣದ ಗತಿ ಕೇಳ್ಬೇಡಿ.

ಈಗ ನನಗೆ ತುಂಬಾ ಇಷ್ಟ ಆಗೋ ಡಿಸೈನ್, ನಾಲ್ಕು ಬಣ್ಣದ್ದು. ಒಂದೇ ಸ್ಕಾರ್ಫು, ನಾಲ್ಕು ಸ್ಕಾರ್ಫಿನ ಹಾಗೆ ಕಾಣತ್ತೆ. ಚೌಕದ ಎರಡೂ ಕರ್ಣ ಎಳೆದ್ರೆ ನಾಲ್ಕು ತ್ರಿಕೋನ ಆಗತ್ತಲ್ಲ, ಒಂದೊಂದಕ್ಕೆ ಒಂದೊಂದು ಬಟ್ಟೆ: ಕೆಂಪು, ಹಳದಿ, ಹಸಿರು, ಕಪ್ಪು ಅನ್ಕೊಳಿ. ಒಂದು ಕರ್ಣದಲ್ಲಿ ಮಡಚಿದ್ರೆ ಮೇಲೆ ಕೆಂಪು-ಹಳದಿ ಕಾಣತ್ತೆ, ಹಾಗೇ ಮಗುಚಿದ್ರೆ ಹಸಿರು-ಕಪ್ಪು, ಇನ್ನೊಂದು ಕರ್ಣದಲ್ಲಿ ಮಡಚಿದ್ರೆ ಹಳದಿ-ಹಸಿರು, ಮಗುಚಿದ್ರೆ ಕಪ್ಪು-ಕೆಂಪು. ಹಣೆ ಮಧ್ಯದಿಂದ ಬೆನ್ನ ಮೂಲೆವರೆಗೂ ಎರಡು ಬಣ್ಣ ಸೇರೋ ಗೆರೆ ಬೈತಲೆ ತರ ಬರತ್ತೆ, ಅದೇ ಇದರ ಅಂದ. ಹಳೇ ಕಾಟನ್ ಸೀರೆಗಳಿಂದ ಮಾಡಿದ್ರೆ ಖರ್ಚೂ ಇಲ್ಲ. ಪ್ರತಿ ತ್ರಿಕೋನದ ಬುಡ 40 ಇಂಚು, ಎತ್ತರ 20 ಇಂಚು ಕತ್ತರಿಸಿ, ಅರ್ಧ ಇಂಚು ಹೊಲಿಗೆಗೆ ಬಿಟ್ಟು ಜೋಡಿಸಿದ್ರೆ ಕೊನೆಗೆ 37-38 ಇಂಚಿನ ಚೌಕ ಸಿಗತ್ತೆ. ಎಚ್ಚರ ಬೇಕಾಗಿರೋದು ಒಂದೇ ಕಡೆ, ಬುಡವನ್ನ ಸೀರೆ ಅಂಚಿಗೆ ನೇರವಾಗಿ ಇಟ್ಟು ಕತ್ತರಿಸಿದಾಗ ಉಳಿದೆರಡು ಬದಿ ಓರೆ ಬರತ್ತೆ, ಓರೆ ಬಟ್ಟೆ ರಬ್ಬರ್ ತರ ಎಳೆಯತ್ತೆ, ಮಷಿನ್ ಕೆಳಗೆ ಸುಮ್ನೆ ತಳ್ಳಿದ್ರೆ ಅಲೆ ಅಲೆ ಆಗಿ ಹೊಲಿಗೆ ಕೂರತ್ತೆ. ಕತ್ತರಿಸೋ ಮೊದ್ಲೇ ಬಟ್ಟೆಗೆ ಗಟ್ಟಿಯಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿ, ಕತ್ತರಿಸಿದ ತಕ್ಷಣ ಓರೆ ಬದಿಗೆ ಅಂಚಿಂದ ಕಾಲಿಂಚು ಒಳಗೆ ಒಂಟಿ ಹೊಲಿಗೆ ಹಾಕಿಟ್ಕೊಳಿ, ಆಮೇಲೆ ಜೋಡಿಸಿ. ಕೂದಲಿಗೆ ಸಿಕ್ಕೋ ಹಾಗೆ ಎಳೆ ಬಿಡಬಾರದು, ಅದಕ್ಕೆ ಒಳಗಿನ ಅಂಚನ್ನ ಒಂದರ ಮೇಲೊಂದು ಮಡಚಿ ಎರಡನೇ ಹೊಲಿಗೆ ಹಾಕಿ ಮುಚ್ಚಿಬಿಡಿ. ಉಳಿಸಿಟ್ಟ ಐದಿಂಚಿನ ಪಟ್ಟಿ ಇತ್ತಲ್ಲ, ಅದನ್ನ ಉದ್ದಕ್ಕೆ ಮಡಚಿ ಹೊಲಿದು, ಕಟ್ಟಿದ ಮೇಲೆ ಗಂಟಿನ ಒಂದು ಬಾಲದ ಜೊತೆ ಸೇರಿಸಿ ಹಗ್ಗದ ಹಾಗೆ ಹೊಸೆದು ತುರುಬು ಸುತ್ತ ಸುತ್ತಿ, ಮದುವೆ ಮನೆಗೂ ನಡೆಯತ್ತೆ.

ಎಲೆ ಅಚ್ಚು ಇನ್ನೊಂದು. ನಮ್ಮ ಕಾಫಿ ಎಲೆ, ನೆರಳಿಗೆ ಹಾಕಿರೋ ಸಿಲ್ವರ್ ಓಕ್ ಎಲೆ, ಇವೆರಡೂ ಬಟ್ಟೆ ಮೇಲೆ ತುಂಬಾ ಚಂದ ಬರತ್ತೆ. ಬಣ್ಣಕ್ಕೆ ಕಲಂಕಾರಿಯವರು ಮಾಡೋ ಕಪ್ಪನ್ನೇ ಮಾಡ್ಕೊಳಿ: ಒಂದು ಹಿಡಿ ತುಕ್ಕು ಮೊಳೆ, ಒಂದು ಲೀಟರ್ ನೀರು, 100 ಗ್ರಾಂ ಬೆಲ್ಲ, ಹಳೇ ಡಬ್ಬೀಲಿ ಹಾಕಿ ಮುಚ್ಚಳ ಬಿಗಿ ಮಾಡದೆ ಎರಡು ಮೂರು ವಾರ ಮೂಲೇಲಿಡಿ. ಹುಳಿ ವಾಸನೆ ಬರತ್ತೆ, ಬರ್ಲಿ. ಬಟ್ಟೆ ಹೊಸದಾದ್ರೆ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಕುದಿಸಿ ಅಂಗಡಿ ಗಂಜಿ ತೆಗೀಬೇಕು, ಇಲ್ಲಾಂದ್ರೆ ಯಾವ ಬಣ್ಣನೂ ಒಳಗಿಳಿಯಲ್ಲ. ಆಮೇಲೆ ಒಂದು ಸ್ಕಾರ್ಫಿಗೆ 20 ಗ್ರಾಂ ಅಳಲೆಕಾಯಿ ಪುಡಿ (ಗ್ರಂಧಿಗೆ ಅಂಗಡೀಲಿ ಸಿಗತ್ತೆ) ಬಿಸಿನೀರಲ್ಲಿ ಕಲಸಿ ರಾತ್ರಿಯೆಲ್ಲ ನೆನೆಸಿ, ಹಿಂಡಿ, ಒಣಗಿಸಿ. ಬಟ್ಟೆ ಮಾಸಲು ಹಳದಿ ಆಗತ್ತೆ, ಹೆದರ್ಬೇಡಿ. ಈಗ ಕಾಫಿ ಎಲೆ ಕಿತ್ತು ಮಗುಚಿ, ಮೇಲ್ಭಾಗ ಮೇಣ ಹಚ್ಚಿದ ಹಾಗೆ ಹೊಳೆಯತ್ತೆ, ಅಲ್ಲಿ ನೀರು ನಿಲ್ಲಲ್ಲ, ಕೆಳಭಾಗದಲ್ಲಿ ನರ ಉಬ್ಬಿರತ್ತೆ, ಅಲ್ಲಿಗೆ ಮೊಳೆ ನೀರನ್ನ ಬ್ರಷ್‌ನಲ್ಲಿ ತೆಳ್ಳಗೆ ಸವರಿ, ಚಾಕ್ ಗುರುತಿನ ಒಳಗೆ ಇಟ್ಟು, ಮೇಲೊಂದು ಪೇಪರ್ ಹಾಕಿ ಅಂಗೈಯಲ್ಲಿ ಒತ್ತಿ. ಎಲೆ ಎತ್ತೋಷ್ಟರಲ್ಲಿ ನರ ನರ ಕಪ್ಪಾಗಿ ಎದ್ದಿರತ್ತೆ, ಮೊದಲ ಸಲ ನೋಡ್ದಾಗ ನಾನು ಕೂಗಿಕೊಂಡುಬಿಟ್ಟೆ, ಅಳಲೆಕಾಯಿ ಒಗರಿಗೂ ಕಬ್ಬಿಣಕ್ಕೂ ಸೇರಿ ಕಪ್ಪಾಗೋದು ಅದು. ಸಿಲ್ವರ್ ಓಕ್ ಎಲೆ ಕೆಳಭಾಗ ಬೆಳ್ಳಗೆ ನವಿರಾಗಿರೋದ್ರಿಂದ ಬಣ್ಣ ಜಾಸ್ತಿ ಹಿಡಿಯತ್ತೆ, ಒಂದು ಸಲ ಪೇಪರ್ ಮೇಲೆ ಒತ್ತಿ ಆಮೇಲೆ ಬಟ್ಟೆಗೆ. ಮೊಳೆ ನೀರು ಜಾಸ್ತಿ ಆದ್ರೆ ಬಟ್ಟೆ ಅಲ್ಲೇ ಪಿಸಿಯತ್ತೆ, ಒಣಗಿದ ಮೇಲೆ ಚೆನ್ನಾಗಿ ಜಾಲಿಸಿ.

ಅರಿಶಿನದಲ್ಲಿ ಬಣ್ಣ ಹಾಕ್ಬಹುದಾ ಅಂತ ಎಲ್ರೂ ಕೇಳ್ತಾರೆ. ಬೇಡ. ಬಿಸಿಲಿಗೆ ಮಾಸತ್ತೆ, ಸೋಪಿಗೆ ಕೆಂಪಾಗತ್ತೆ, ಬೆವರಿದ್ರೆ ಕತ್ತೆಲ್ಲ ಹಳದಿ. ಇನ್ನು ಈ ಬಣ್ಣದ ಕೆಲಸ ಯಾವ್ದನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಬೇಡಿ, ನಮ್ಮ ಮಳೇಲಿ ಒಳಗೆ ಹಾಕೋ ಬನಿಯನ್ನೇ ಮೂರು ದಿನಕ್ಕೆ ಒಣಗಲ್ಲ, ಒಲೆ ಮೇಲೆ ಒಣಗಿಸಿದ್ರೆ ಹೊಗೆ ವಾಸನೆ. ಪುತ್ತರಿ (ನವೆಂಬರ್-ಡಿಸೆಂಬರ್‌ನಲ್ಲಿ ಬರೋ ನಮ್ಮ ಸುಗ್ಗಿ ಹಬ್ಬ) ಮುಗಿದ್ಮೇಲೆ ಶುರು ಮಾಡಿದ್ರೆ ಸರಿ. ಮಳೆಗಾಲದಲ್ಲಿ ಹೊಲಿಗೆ ಮಾಡಿ.

ಮಳೆಗಾಲದ ಹೊಲಿಗೆ ಅಂದ್ರೆ ನಾನು ಜಾಸ್ತಿ ಮಾಡೋದು ಜೇಬಿನ ಮಫ್ಲರ್. 60 ಇಂಚು ಉದ್ದ, 20 ಇಂಚು ಅಗಲದ ಮೆತ್ತಗಿನ ಫ್ಲಾನೆಲ್ ತಗೊಳಿ, ಉದ್ದಕ್ಕೆ ಮಡಚಿ ಕೊಳವೆ ಹಾಗೆ ಹೊಲಿದು ಮಗುಚಿ, ಎರಡು ತುದಿ ಸೇರಿಸಿ ಬಳೆ ಮಾಡಿದ್ರೆ ಕತ್ತಿಗೆ ಎರಡು ಸುತ್ತು ಬರತ್ತೆ, ಮೇಲಿನ ಸುತ್ತನ್ನ ಎತ್ತಿ ತಲೆಗೆ ಹಾಕಿದ್ರೆ ಕಿವಿ ಮುಚ್ಚತ್ತೆ. ತುದಿ ಸೇರಿಸೋ ಜಾಗದಲ್ಲಿ ನಾಲ್ಕಿಂಚು ಹೊಲಿಯದೆ ಬಿಟ್ಟು ಅಲ್ಲೊಂದು ಜಿಪ್ ಕೂರಿಸಿ, ಒಳಗೊಂದು ಪುಟ್ಟ ಚೀಲ ಇಟ್ಟು ಹೊಲಿದುಬಿಡಿ. ಬಸ್ ಚಿಲ್ರೆ, ಮನೆ ಕೀ ಹಾಕೋಕೆ. ಮೊಬೈಲ್ ಹಾಕ್ಬೇಡಿ, ಭಾರಕ್ಕೆ ಒಂದು ಕಡೆ ಜೋತು ಬೀಳತ್ತೆ. ಸಂತೆ ದಿನ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ತರಕಾರಿ ಚೀಲ ಇರ್ವಾಗ ಕಂಡಕ್ಟರ್ ಮುಂದೆ ನಿಂತು ಪರ್ಸ್ ಹುಡುಕೋದು ತಪ್ಪತ್ತೆ. ಆಂಟಿಗೆ ಒಂದು ಹೊಲಿದು ಕೊಟ್ಟಿದ್ದೆ, ಅವರು ಅದರಲ್ಲಿ ಚಿಲ್ರೆ ಬಿಟ್ಟು ಏಲಕ್ಕಿ ಇಟ್ಕೊಂಡಿದಾರೆ.