ಮಾತು ಕಿತ್ತು ನೋಡಿದ ಮೂರು ಸಿನಿಮಾ

1999ರಲ್ಲಿ ಸ್ಟಾರ್ ವಾರ್ಸ್ ಸರಣಿಯ ‘ದಿ ಫ್ಯಾಂಟಮ್ ಮೆನೇಸ್’ ಬಂದಾಗ ನನಗೆ ಹತ್ತೊಂಬತ್ತು, ತಮ್ಮನಿಗೆ ಒಂಬತ್ತು. ಪರದೆಯ ಮೇಲಿದ್ದ ಅನಾಕಿನ್‌ಗೂ ಒಂಬತ್ತೇ; ಹಳೆಯ ಚಿತ್ರಗಳ ಖಳ ಡಾರ್ತ್ ವೇಡರ್ ಆಗಿ ಬೆಳೆಯುವ ಹುಡುಗ ಇವನೇ. ಸ್ಟಾರ್ ವಾರ್ಸ್‌ನ 1977, 1980 ಮತ್ತು 1983ರ ಚಿತ್ರಗಳನ್ನು ಟೇಪು ಸವೆಯುವಷ್ಟು ನೋಡಿ ಬೆಳೆದಿದ್ದ ನಾನು ಮುಖ ಗಂಟಿಕ್ಕಿಕೊಂಡು ಚಿತ್ರಮಂದಿರದಿಂದ ಹೊರಬಂದೆ. ತಮ್ಮ ಬಾಯಲ್ಲಿ ಪಾಡ್ ರೇಸ್‌ನ ಎಂಜಿನ್ ಸದ್ದು ಮಾಡುತ್ತಾ ಹೊರಬಂದ. ಅಂದು ಶುರುವಾದ ಜಗಳ ಇಪ್ಪತ್ತು ವರ್ಷ ದಾಟಿದರೂ ಮುಗಿಯಲಿಲ್ಲ. 2002ರಲ್ಲಿ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’, 2005ರಲ್ಲಿ ‘ರಿವೆಂಜ್ ಆಫ್ ದಿ ಸಿತ್’ ಬಂದವು. ಈ ಮೂರೂ ಹಳೆಯ ಚಿತ್ರಗಳಿಗಿಂತ ಹಿಂದಿನ ಕಥೆ ಹೇಳುತ್ತವೆ; ಹಾಗಾಗಿ ಕಥೆಯ ಲೆಕ್ಕದಲ್ಲಿ ಇವು ಒಂದು, ಎರಡು, ಮೂರು, ಹಳೆಯವು ನಾಲ್ಕು, ಐದು, ಆರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಪ್ರತಿ ಸಲವೂ ಅದೇ ಹಾಡು.

ನನ್ನ ಬತ್ತಳಿಕೆಯಲ್ಲಿ ಬಾಣಗಳಿಗೆ ಕೊರತೆ ಇರಲಿಲ್ಲ. ಹಳೆಯ ಚಿತ್ರದಲ್ಲಿ ಅನಾಕಿನ್‌ನ ಗುರು ಒಬಿ-ವಾನ್ ತಾನು ಮೊದಲು ಕಂಡಾಗಲೇ ಅನಾಕಿನ್ ದೊಡ್ಡ ಪೈಲಟ್ ಆಗಿದ್ದ ಎನ್ನುತ್ತಾನೆ. ಹೊಸದರಲ್ಲಿ ಅವನಿಗೆ ಸಿಕ್ಕಿದ್ದು ಮೂಗಿನ ಮಟ್ಟಕ್ಕೂ ಬಾರದ ಹುಡುಗ. ತನಗೆ ವಿದ್ಯೆ ಕಲಿಸಿದವನು ಯೋಡಾ ಎಂದಿದ್ದವನಿಗೆ ಇದ್ದಕ್ಕಿದ್ದಂತೆ ಕ್ವಾಯ್-ಗಾನ್ ಎಂಬ ಗುರು ಹುಟ್ಟಿಕೊಂಡ. ಎಲ್ಲಕ್ಕಿಂತ ಹರಿತವಾದ ಬಾಣ ಅನಾಕಿನ್‌ನ ಮಗಳು ಲಿಯಾಳದು. 1983ರ ಚಿತ್ರದಲ್ಲಿ ಅವಳು ತನ್ನ ತಾಯಿಯ ಮುಖವನ್ನು ನೆನಪಿಸಿಕೊಳ್ಳುತ್ತಾಳೆ, ಆಕೆ ಸುಂದರಿಯಾಗಿದ್ದಳು, ಆದರೆ ದುಃಖದಲ್ಲಿದ್ದಳು ಎನ್ನುತ್ತಾಳೆ. 2005ರ ಚಿತ್ರದಲ್ಲಿ ಆ ತಾಯಿ, ಪದ್ಮೆ, ಲಿಯಾ ಮತ್ತು ಲೂಕ್ ಎಂಬ ಅವಳಿಗಳನ್ನು ಹೆತ್ತ ಕೂಡಲೇ ಸಾಯುತ್ತಾಳೆ. ಈ ಬಾಣ ಬಿಟ್ಟಾಗಲೆಲ್ಲ ತಮ್ಮ ಮಾತು ಬದಲಿಸುತ್ತಿದ್ದ.

ಹಾಗೆಂದು ಅವನೂ ಕಡಿಮೆಯವನಲ್ಲ. “ನಿನ್ನ ತಂದೆಯನ್ನು ವೇಡರ್ ಕೊಂದ ಎಂದು ಲೂಕ್‌ನ ಮುಖಕ್ಕೇ ಸುಳ್ಳು ಹೇಳಿದವನು ಒಬಿ-ವಾನ್. ಅವನ ಮಾತನ್ನು ಸಾಕ್ಷಿಗೆ ಕರೆಯುತ್ತೀಯಾ?” ಎಂದು ಒಮ್ಮೆ ಕೇಳಿದ. ನನಗೆ ಉತ್ತರ ಹೊಳೆಯಲು ಎರಡು ದಿನ ಬೇಕಾಯಿತು. ಹೊಳೆದದ್ದೂ ಒಳ್ಳೆಯ ಉತ್ತರವಲ್ಲ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೂರನ್ನೂ ಒಟ್ಟಿಗೆ ಕುಳಿತು ನೋಡುವುದು, ಮೂರನೆಯದು ಮುಗಿಯುವವರೆಗೆ ವಾದ ಮಾಡದಿರುವುದು. ಇದರ ಜೊತೆಗೆ ನನ್ನದೊಂದು ಷರತ್ತು: ಮಾತಿಲ್ಲದೆ ನೋಡಬೇಕು. ಈ ಚಿತ್ರಗಳನ್ನು ಕೆಡಿಸಿದ್ದು ನಿರ್ದೇಶಕ ಜಾರ್ಜ್ ಲೂಕಾಸ್‌ನ ಸಂಭಾಷಣೆ ಎಂಬುದು ನನ್ನ ಹಳೆಯ ಆರೋಪ. ಮರಳು ಒರಟು, ಎಲ್ಲೆಂದರಲ್ಲಿ ಸೇರಿಕೊಳ್ಳುತ್ತದೆ ಎಂದು ದೂರುತ್ತಾ ಹುಡುಗಿಯನ್ನು ಒಲಿಸಿಕೊಳ್ಳಲು ಹೋಗುವ ಪ್ರೇಮಿಯನ್ನು ಯಾವ ಛಾಯಾಗ್ರಾಹಕ ತಾನೇ ಕಾಪಾಡಬಲ್ಲ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮಾತನ್ನು ತೆಗೆದು ಏನು ಉಳಿಯುತ್ತದೋ ನೋಡೋಣ ಎಂದೆ.

ಧ್ವನಿಯನ್ನೇ ಪೂರ್ತಿ ನಿಲ್ಲಿಸಿದರೆ ಜಾನ್ ವಿಲಿಯಮ್ಸ್ ಸಂಗೀತವೂ ಹೋಗುತ್ತದೆ, ಅದು ಅನ್ಯಾಯ. ದಾರಿ ಇದ್ದದ್ದು ಸ್ಪೀಕರ್‌ಗಳಲ್ಲಿ. ಡಿಸ್ಕ್‌ನಲ್ಲಿರುವ 5.1 ಧ್ವನಿಯಲ್ಲಿ ಸಂಭಾಷಣೆ ಬಹುಪಾಲು ನಡುವಿನ ಸ್ಪೀಕರ್‌ನಿಂದ ಬರುತ್ತದೆ. ಸಂಗೀತ ಎಡಬಲಗಳಿಗೆ ಹಂಚಿಹೋಗಿರುತ್ತದೆ. ನಡುವಿನ ಸ್ಪೀಕರ್‌ನ ತಂತಿ ಕಿತ್ತರೆ ಮಾತು ಹೋಗಿ ಸಂಗೀತ ಉಳಿಯಬೇಕು. ಮೊದಲ ರಾತ್ರಿ ನಾನು ತಂತಿ ಕಿತ್ತದ್ದಲ್ಲದೆ, ಆಂಪ್ಲಿಫೈಯರ್‌ನ ಸೆಟ್ಟಿಂಗ್‌ನಲ್ಲೂ ನಡುವಿನ ಸ್ಪೀಕರ್ ಇಲ್ಲ ಎಂದು ನಮೂದಿಸಿಬಿಟ್ಟೆ. ಬುದ್ಧಿವಂತ ಯಂತ್ರ ಮಾತನ್ನೆಲ್ಲ ಎಡಬಲಗಳಿಗೆ ಹಂಚಿ ಮತ್ತೆ ಕೇಳಿಸತೊಡಗಿತು. ಆ ಏರ್ಪಾಡಿಗೆ ಫ್ಯಾಂಟಮ್ ಸೆಂಟರ್ ಎಂಬ ಹೆಸರಿದೆ ಎಂದು ತಿಳಿದಾಗ ತಮ್ಮ ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಸ್ಪೀಕರ್ ಇದೆ ಎಂದು ಯಂತ್ರಕ್ಕೆ ಸುಳ್ಳು ಹೇಳಿ, ತಂತಿ ಮಾತ್ರ ಕಿತ್ತಿಡಬೇಕು. ಆಗ ಮಾತು ಮಾಯವಾಗುತ್ತದೆ. ದೊಡ್ಡ ಸಭಾಂಗಣದ ದೃಶ್ಯಗಳಲ್ಲಿ ಪ್ರತಿಧ್ವನಿಯಷ್ಟು ನೆರಳು ಉಳಿಯುತ್ತದೆ, ಕೆಲವು ಸದ್ದುಗಳೂ ಹೋಗುತ್ತವೆ. ಅಷ್ಟನ್ನು ಸಹಿಸಿಕೊಳ್ಳಬೇಕು.

ಮೊದಲ ಚಿತ್ರದ ಮುಕ್ಕಾಲು ಭಾಗ ನನ್ನ ಪರವಾಗಿಯೇ ಇತ್ತು. ತೆರಿಗೆ ವಿವಾದ, ಸೆನೆಟ್, ಮಂಡಳಿಯ ಕುರ್ಚಿಗಳು. ಮಾತಿದ್ದಾಗ ನಿದ್ದೆ ತರಿಸುತ್ತಿದ್ದದ್ದು ಮಾತಿಲ್ಲದಾಗಲೂ ನಿದ್ದೆಯನ್ನೇ ತರಿಸಿತು. ಆಮೇಲೆ ಕೊನೆಯ ಕತ್ತಿಕಾಳಗ ಬಂತು. ಕೆಂಪು ಕಿರಣಗಳ ಗೋಡೆಗಳು ಮುಚ್ಚಿಕೊಂಡು ಮೂವರನ್ನೂ ಬೇರ್ಪಡಿಸುತ್ತವೆ. ಖಳ ಡಾರ್ತ್ ಮಾಲ್ ಬೋನಿನ ಪ್ರಾಣಿಯಂತೆ ಅತ್ತಿಂದಿತ್ತ ಓಡಾಡುತ್ತಾನೆ. ಕ್ವಾಯ್-ಗಾನ್ ಮಂಡಿಯೂರಿ ಕಣ್ಣು ಮುಚ್ಚುತ್ತಾನೆ. ಅವರಿಂದ ದೂರದಲ್ಲಿ ಸಿಕ್ಕಿಕೊಂಡ ಒಬಿ-ವಾನ್ ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಾನೆ. ಮೂವರ ಸ್ವಭಾವವೂ ಒಂದೂ ಮಾತಿಲ್ಲದೆ, ಅರೆ ನಿಮಿಷದಲ್ಲಿ ಕಣ್ಣಿಗೆ ಕಟ್ಟುತ್ತದೆ. ಇದನ್ನು ಎಷ್ಟೋ ಸಲ ನೋಡಿದ್ದೆ, ಗಮನಿಸಿದ್ದು ಅಂದೇ. ಆ ಕಾಳಗದ ಹಿಂದೆ ಮೊಳಗುವ ವೃಂದಗಾನ ಸಂಸ್ಕೃತದಲ್ಲಿದೆ. ಪ್ರಾಚೀನ ವೆಲ್ಷ್ ಕವಿತೆಯೊಂದರ ಸಾಲುಗಳನ್ನು ಸಂಸ್ಕೃತಕ್ಕೆ ತಂದು, ಅರ್ಥಕ್ಕಿಂತ ಸ್ವರಗಳ ಮೊಳಗಿಗಾಗಿ ಬಳಸಿಕೊಂಡಿದ್ದಾರೆ. ಕಿವಿಗೊಟ್ಟು ಕೇಳಿದೆ, ಒಂದು ಪದವೂ ಹಿಡಿಗೆ ಸಿಗಲಿಲ್ಲ.

ನನ್ನನ್ನು ಅಲುಗಾಡಿಸಿದ್ದು ಅದರ ನಂತರದ ಎರಡು ಸಣ್ಣ ಸಂಗತಿಗಳು. ಕ್ವಾಯ್-ಗಾನ್‌ನ ಚಿತೆಯ ಮುಂದೆ ಇಬ್ಬರು ಜೆಡೈಗಳು, ಅಂದರೆ ಒಬಿ-ವಾನ್‌ನ ಪಂಗಡದ ಯೋಧರು, ಏನನ್ನೋ ಮಾತನಾಡಿಕೊಳ್ಳುತ್ತಾರೆ, ಕ್ಯಾಮೆರಾ ಮೆಲ್ಲನೆ ಸರಿದು ಮುಂದೆ ಚಕ್ರವರ್ತಿಯಾಗುವ ಪ್ಯಾಲ್ಪಟೀನ್‌ನ ಮುಖದ ಮೇಲೆ ನಿಲ್ಲುತ್ತದೆ. ಅಷ್ಟೇ. ಸತ್ತ ಮಾಲ್ ಗುರುವೋ ಶಿಷ್ಯನೋ ಎಂಬ ಅವರ ಪ್ರಶ್ನೆ ಕೇಳಿಸದಿದ್ದರೂ ಉತ್ತರ ಕಾಣಿಸುತ್ತದೆ. ಮರುಗಳಿಗೆಯಲ್ಲೇ ವಿಜಯದ ಮೆರವಣಿಗೆ, ಮಕ್ಕಳ ಹಾಡು. ಮಾತಿನ ಗಲಾಟೆ ಇಲ್ಲದ ಕಿವಿಗೆ ಆ ರಾಗ ಎಲ್ಲೋ ಕೇಳಿದಂತೆ ಅನ್ನಿಸಿತು. ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಕೇಳಿದೆವು. 1983ರ ಚಿತ್ರದಲ್ಲಿ ಚಕ್ರವರ್ತಿ ಬಂದಾಗ ಗಂಡಸರ ಕಂಠಗಳು ಗುನುಗುವ ಆ ಕರಾಳ ರಾಗವನ್ನೇ ವೇಗ ಹೆಚ್ಚಿಸಿ, ಹಿಗ್ಗಿನ ಧಾಟಿಗೆ ತಿರುಗಿಸಿ ಮಕ್ಕಳಿಂದ ಹಾಡಿಸಿದ್ದಾರೆ. ಊರೆಲ್ಲ ಗೆದ್ದೆವೆಂದು ಕುಣಿಯುತ್ತಿದೆ. ಗೆದ್ದವನು ಯಾರೆಂದು ವಾದ್ಯಗಳಿಗೆ ಮಾತ್ರ ಗೊತ್ತು. ಒಪ್ಪಂದದ ಪ್ರಕಾರ ಯಾರೂ ಮಾತನಾಡುವಂತಿರಲಿಲ್ಲ. ತಮ್ಮ ನನ್ನತ್ತ ನೋಡಿದ, ನಾನು ಗೋಡೆಯತ್ತ ನೋಡಿದೆ.

ಎರಡನೆಯ ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಡೀ ಚಿತ್ರವನ್ನು ಫಿಲ್ಮ್ ಇಲ್ಲದೆ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು ಚರಿತ್ರೆಗೆ ಮುಖ್ಯ, ನನ್ನ ಕಣ್ಣಿಗಲ್ಲ. ಹುಲ್ಲುಗಾವಲಿನ ಪ್ರಣಯ ಮಾತಿಲ್ಲದಾಗ ಕ್ಯಾಲೆಂಡರ್ ಚಿತ್ರದಂತಿತ್ತು, ಯಂತ್ರಮಾನವರ ಕಾರ್ಖಾನೆ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಒಂದು ಮಾತ್ರ ಹೊಸದಾಗಿ ಕಂಡಿತು. ಮಾತು ಹೋದ ಮೇಲೆ ಅನಾಕಿನ್ ಪದ್ಮೆಯನ್ನು ನೋಡುವ ನೋಟ ಪ್ರೇಮಿಯದೆನ್ನಿಸಲಿಲ್ಲ. ಅದರಲ್ಲಿ ಭಯ ಹುಟ್ಟಿಸುವಂಥದ್ದೇನೋ ಇತ್ತು. ಅನಾಕಿನ್ ಆದ ನಟ ಹೇಡನ್ ಕ್ರಿಸ್ಟೆನ್ಸನ್‌ಗೆ ನಟನೆ ಬಾರದು ಎಂದು ಎಷ್ಟು ವರ್ಷ ಹೇಳಿಕೊಂಡು ಬಂದಿದ್ದೆನೋ, ಅಷ್ಟೂ ವರ್ಷ ಅವನ ಬಾಯನ್ನಷ್ಟೇ ನೋಡಿದ್ದೆ.

ಮೂರನೆಯದು ನನ್ನ ಸಿದ್ಧಾಂತಕ್ಕೆ ಗೆಲುವನ್ನೂ ಸೋಲನ್ನೂ ಒಟ್ಟಿಗೆ ತಂದಿತು. ಸಂಜೆಗತ್ತಲು, ಮಂಡಳಿಯ ಖಾಲಿ ಕೋಣೆಯಲ್ಲಿ ಅನಾಕಿನ್ ಒಬ್ಬನೇ, ನಗರದ ಆಚೆ ತನ್ನ ಮನೆಯಲ್ಲಿ ಪದ್ಮೆ ಒಬ್ಬಳೇ. ಇಬ್ಬರೂ ಕಿಟಕಿಯಿಂದಾಚೆ ನೋಡುತ್ತಾರೆ, ಪರಸ್ಪರ ಕಾಣದಿದ್ದರೂ ಒಬ್ಬರನ್ನೊಬ್ಬರು ನೋಡುತ್ತಿರುವಂತೆ. ಮೂಲದಲ್ಲೂ ಅಲ್ಲಿ ಪ್ಯಾಲ್ಪಟೀನ್‌ನ ನೆನಪಿನ ದನಿ ಬಿಟ್ಟರೆ ಮಾತಿಲ್ಲ. ಒಂದು ಹೆಣ್ಣುದನಿಯ ಆಲಾಪ, ಇಳಿಯುವ ಬೆಳಕು, ಅವನ ಕೆನ್ನೆಯ ಮೇಲೆ ನೀರು. ಪ್ಯಾಲ್ಪಟೀನ್‌ನ ಕಡೆಗೆ ಹೋಗಲು ಹುಡುಗ ಮನಸ್ಸು ಮಾಡಿಬಿಟ್ಟ ಎಂದು ನಮಗೆ ತಿಳಿಯುತ್ತದೆ. ನೋಡಿದೆಯಾ, ಲೂಕಾಸ್ ಬಾಯಿ ಮುಚ್ಚಿಕೊಂಡಾಗ ಎಷ್ಟು ದೊಡ್ಡವನು ಎಂದು ಹೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂದಿತ್ತು.

ಆದರೆ ಆ ದೃಶ್ಯಕ್ಕೂ ಮುಂಚೆ ಒಪೆರಾದ ದೃಶ್ಯ ಬಂದು ಹೋಗಿತ್ತು. ಅದನ್ನು ಮುಚ್ಚಿಡುವುದು ಸಲ್ಲದು. ಮಾತಿಲ್ಲದಿದ್ದರೆ ಅದು ಇಬ್ಬರು ಗಂಡಸರು ನೀರಿನ ಗುಳ್ಳೆಗಳನ್ನು ನೋಡುತ್ತಾ ಕುಳಿತಿರುವ ದೃಶ್ಯ, ಅಷ್ಟೇ. “ತಂತಿ ಹಾಕು” ಎಂದ ತಮ್ಮ. ಹಾಕಿದೆ. ಪ್ಲೇಗಸ್ ಎಂಬ ಸಿತ್‌ನ, ಅಂದರೆ ಜೆಡೈಗಳ ಕಡುವೈರಿಯೊಬ್ಬನ, ಕಥೆಯನ್ನು ಪ್ಯಾಲ್ಪಟೀನ್ ಪಾತ್ರದ ಇಯಾನ್ ಮ್ಯಾಕ್‌ಡಿಯಾರ್ಮಿಡ್ ಅನಾಕಿನ್‌ಗೆ ಅಜ್ಜಿಕಥೆ ಹೇಳುವ ಹಾಗೆ ನಿಧಾನವಾಗಿ, ನಡುನಡುವೆ ನಿಲ್ಲುತ್ತಾ, ಕೇಳುಗನೇ ಮುಂದಿನ ಪ್ರಶ್ನೆ ಕೇಳುವಂತೆ ಹೇಳುತ್ತಾನೆ. ಸಾವನ್ನು ತಡೆಯುವ ವಿದ್ಯೆ ಇದೆ, ಆದರೆ ಅದು ಜೆಡೈಗಳಿಂದ ಕಲಿಯುವಂಥದ್ದಲ್ಲ. ಇಷ್ಟನ್ನು ಹೇಳಲು ಅಷ್ಟು ಹೊತ್ತು. ಬೇಟೆಗಾರ ಬಲೆ ಬೀಸುತ್ತಿಲ್ಲ, ಬಲೆ ಎಲ್ಲಿದೆ ಎಂದು ಹಕ್ಕಿಯೇ ವಿಚಾರಿಸಿಕೊಂಡು ಹೋಗುವಂತೆ ಮಾಡುತ್ತಿದ್ದಾನೆ. ಮೂರೂ ಚಿತ್ರಗಳಲ್ಲಿ ನನ್ನ ಮಟ್ಟಿಗೆ ಇದೇ ಅತ್ಯುತ್ತಮ ದೃಶ್ಯ, ಮತ್ತು ಅದು ಪೂರ್ತಿ ಮಾತಿನ ಮೇಲೆಯೇ ನಿಂತಿದೆ. ಲೂಕಾಸ್‌ಗೆ ಸಂಭಾಷಣೆ ಬರೆಯಲು ಬಾರದು ಎಂಬ ನನ್ನ ಇಪ್ಪತ್ತು ವರ್ಷಗಳ ಆರೋಪ ಅಲ್ಲಿಗೆ ಮುರಿದು ಬಿತ್ತು. ಅವನಿಗೆ ಬಾರದಿರುವುದು ಒಲವಿನ ಮಾತು. ಮರುಳು ಮಾಡುವ ಮಾತು ಚೆನ್ನಾಗಿಯೇ ಬರುತ್ತದೆ.

ಅಲ್ಲಿಂದ ಮುಂದೆ ನಮ್ಮ ನೋಟವೇ ಬದಲಾಯಿತು. ಮೂರನ್ನೂ ಅನಾಕಿನ್‌ನ ಕಥೆ ಎಂದು ನೋಡದೆ ಪ್ಯಾಲ್ಪಟೀನ್‌ನ ಕಥೆ ಎಂದು ಮತ್ತೊಮ್ಮೆ ಓಡಿಸಿದೆವು. ನಬೂ ಗ್ರಹಕ್ಕೆ ಮುತ್ತಿಗೆ ಹಾಕಿಸಿದವನೂ ಅವನೇ, ಆ ಮುತ್ತಿಗೆಯ ಅನುಕಂಪದಲ್ಲಿ ಗದ್ದುಗೆ ಏರಿದವನೂ ಅವನೇ. ಹಾಲಿ ಚಾನ್ಸೆಲರ್ ವಿರುದ್ಧ ಅವಿಶ್ವಾಸ ಮಂಡಿಸಿ ದಾರಿ ಮಾಡಿಕೊಡುವುದು ಅವನನ್ನು ನಂಬಿದ ರಾಣಿ ಪದ್ಮೆ. ಮುಂದಿನ ಚಿತ್ರದ ಯುದ್ಧದಲ್ಲಿ ಒಂದು ಪಡೆಗೆ ಅವನೇ ಒಡೆಯ, ಎದುರು ಪಡೆಯ ನಾಯಕ ಅವನ ಶಿಷ್ಯ. ಯಾರು ಸೋತರೂ ಗೆಲುವು ಅವನದೇ. ಅವನಿಗೆ ತುರ್ತು ಅಧಿಕಾರ ಕೊಡಬೇಕೆಂದು ಸೆನೆಟ್‌ನಲ್ಲಿ ಎದ್ದು ನಿಂತು ಸೂಚಿಸುವವನು ಯಾರು? ಜಾರ್ ಜಾರ್ ಬಿಂಕ್ಸ್. ಮಕ್ಕಳನ್ನು ನಗಿಸಲು ತಂದ ಕೋಡಂಗಿಯ ಕೈಯಿಂದಲೇ ಗಣರಾಜ್ಯದ ಕುತ್ತಿಗೆ ಹಿಸುಕಿಸಿದ್ದಾರೆ. ಅದು ಮೊದಲಿನಿಂದಲೂ ಇದ್ದ ಯೋಜನೆಯೋ, ಪ್ರೇಕ್ಷಕರ ಬೈಗುಳಕ್ಕೆ ಕೊಟ್ಟ ಉತ್ತರವೋ, ನಾನು ವಾದಿಸುವುದಿಲ್ಲ.

ಜಾರ್ ಜಾರ್ ಎಂದಾಗ ಒಂದು ತಪ್ಪೊಪ್ಪಿಗೆಯೂ ಬಾಕಿ ಇದೆ. ಆ ಪಾತ್ರವನ್ನು ಬೈಯುವಾಗ ಅದರೊಳಗೊಬ್ಬ ಮನುಷ್ಯನಿದ್ದಾನೆ ಎಂಬುದನ್ನು ನಾನು ಎಂದೂ ಲೆಕ್ಕಕ್ಕೆ ತಂದಿರಲಿಲ್ಲ. ಆ ದ್ವೇಷ ತನ್ನನ್ನು ಜೀವ ಬಿಡುವ ಯೋಚನೆಯವರೆಗೆ ತಂದಿತ್ತು ಎಂದು ಅಹ್ಮದ್ ಬೆಸ್ಟ್ 2018ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. 2023ರಲ್ಲಿ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಿ ಅದೇ ನಟ ಜೆಡೈ ಆಗಿ ಕತ್ತಿ ಹಿಡಿದು ಬಂದಾಗ ನಾನು ಸೋಫಾದಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅದರಿಂದ ಏನೂ ತೀರುವುದಿಲ್ಲ, ಗೊತ್ತು.

ಕೊನೆಯ ಪ್ರಯೋಗ ತಮ್ಮನದು: ಪಕ್ಷ ಬದಲಿಸಿ ವಾದಿಸುವುದು. ಅವನು ‘ಫ್ಯಾಂಟಮ್ ಮೆನೇಸ್’ ಅನ್ನು ಹರಿದು ಹಾಕಬೇಕು, ನಾನು ಹೊಲಿಯಬೇಕು. ಪ್ರೀತಿಸುವವನಿಗೇ ಹುಳುಕು ಚೆನ್ನಾಗಿ ಗೊತ್ತಿರುತ್ತದೆ. ಕ್ಲೈಮ್ಯಾಕ್ಸ್ ನಾಲ್ಕು ಕಡೆ ನಡೆಯುತ್ತದೆ, ಒಂದೆಡೆ ಗುರು ಸಾಯುತ್ತಿದ್ದರೆ ಇನ್ನೊಂದೆಡೆ ಹುಡುಗ ಅಕಸ್ಮಾತ್ತಾಗಿ ಶತ್ರುವಿನ ನೌಕೆಯನ್ನು ಉಡಾಯಿಸಿ ಕೇಕೆ ಹಾಕುತ್ತಾನೆ, ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಕೆಟ್ಟವು ಎಂದ. ನನಗೆ ಹೊಳೆಯದೇ ಹೋಗಿದ್ದ ಆಕ್ಷೇಪ. ನಾನು ಹೊಲಿಗೆಗೆ ಕುಳಿತಾಗ, ಎಲ್ಲವೂ ಕಂಪ್ಯೂಟರ್ ಎಂಬ ನನ್ನ ಹಳೆಯ ಬೈಗುಳವನ್ನೇ ಮೊದಲು ಬಿಚ್ಚಬೇಕಾಯಿತು. ಪಾಡ್ ರೇಸ್ ನೋಡುವ ಜನಸಾಗರದ ಬಹುಭಾಗ, ಮಾದರಿ ಕ್ರೀಡಾಂಗಣದಲ್ಲಿ ಸಿಕ್ಕಿಸಿದ ಬಣ್ಣ ಬಳಿದ ಹತ್ತಿಕಡ್ಡಿಗಳು. ನಬೂ ರಾಜಧಾನಿಯ ಜಲಪಾತ ಸುರಿಯುವ ಉಪ್ಪು. ಅರಮನೆಯ ಒಳಾಂಗಣ ಇಟಲಿಯ ಕಸೆರ್ಟಾದ ನಿಜವಾದ ಅರಮನೆ. ಕಿವಿ ಶುಚಿ ಮಾಡುವ ಕಡ್ಡಿಗಳನ್ನು ಜನ ಎಂದು ನಂಬಿ ಇಷ್ಟು ವರ್ಷ ಕಂಪ್ಯೂಟರನ್ನು ಬೈದಿದ್ದೆ.

ಮಿಡಿಕ್ಲೋರಿಯನ್ ಎಂಬ ರಕ್ತದೊಳಗಿನ ಸೂಕ್ಷ್ಮಜೀವಿಗಳ ವಿಷಯದಲ್ಲಿ ಮಾತ್ರ ಇಬ್ಬರೂ ಪಕ್ಷ ಬದಲಿಸಲಿಲ್ಲ. ಜೆಡೈಗಳ ಅಲೌಕಿಕ ಶಕ್ತಿಯನ್ನು ರಕ್ತಪರೀಕ್ಷೆಯಲ್ಲಿ ಅಳೆಯುವುದನ್ನು ಸಮರ್ಥಿಸಲು ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಅಕ್ಕನ ಹನ್ನೊಂದು ವರ್ಷದ ಮಗಳಿಗೆ ಇವುಗಳನ್ನು ತೋರಿಸುವ ಭಾಗ್ಯ ನಮ್ಮದಾಯಿತು. ಯಾವ ಕ್ರಮದಲ್ಲಿ ತೋರಿಸುವುದು ಎಂಬುದೇ ಅಭಿಮಾನಿಗಳಲ್ಲಿ ದೊಡ್ಡ ಕದನ. ಮಚೆಟೆ ಕ್ರಮ ಎಂಬುದೊಂದಿದೆ, ಅದರಲ್ಲಿ ನಾಲ್ಕು, ಐದು ಮುಗಿದ ಮೇಲೆ ಎರಡು, ಮೂರು ನೋಡಿ ಆರಕ್ಕೆ ಹೋಗುತ್ತಾರೆ. ಒಂದನೆಯದನ್ನು ಮುಟ್ಟುವುದೇ ಇಲ್ಲ. ಹಿಂದೆ ನಾನದರ ಭಕ್ತ. ಈ ಸಲ ಒಂದನೆಯದನ್ನೂ ಸೇರಿಸಬೇಕೆಂದು ಪಟ್ಟು ಹಿಡಿದವನು ನಾನೇ. ವೇಡರ್ ಯಾರೆಂಬ ಗುಟ್ಟು ಐದರಲ್ಲಿ ಒಡೆಯುತ್ತದೆ, ಆಮೇಲೆ ಮೂರು ಚಿತ್ರ ಹಿಂದಕ್ಕೆ ಹೋಗಿ ಅವನು ಹಾಗಾದದ್ದು ಹೇಗೆಂದು ನೋಡಿ, ಕೊನೆಗೆ ಆರು.

ಅವಳು ಜಾರ್ ಜಾರ್‌ಗೆ ನಕ್ಕಳು, ಸೆನೆಟ್‌ಗೆ ಆಕಳಿಸಿದಳು, ಒಪೆರಾದಲ್ಲಿ ಮಂಡಿಯ ಮೇಲೆ ಗಲ್ಲ ಊರಿಕೊಂಡು ಕುಳಿತಳು. ಅವಳಿಗಳು ಹುಟ್ಟಿ ಪದ್ಮೆ ಸತ್ತಾಗ ಏನೂ ಮಾತನಾಡದೆ ನೀರು ಕುಡಿಯಲು ಎದ್ದು ಹೋದಳು. ಮರುದಿನ ಆರನೆಯ ಚಿತ್ರ. ಮರದ ಮೇಲಿನ ಹಳ್ಳಿ, ರಾತ್ರಿ. ನಿನಗೆ ತಾಯಿಯ ನೆನಪಿದೆಯೇ ಎಂದು ಲೂಕ್ ಕೇಳುತ್ತಾನೆ, ಸ್ವಲ್ಪ ಇದೆ ಎನ್ನುತ್ತಾಳೆ ಲಿಯಾ.

ಹುಡುಗಿ ಫಟ್ಟನೆ ತಿರುಗಿದಳು. “ಅವಳ ಅಮ್ಮ ಹೆರಿಗೆಯಲ್ಲೇ ಸತ್ತಳಲ್ಲ?”

ತಮ್ಮ ಚಾವಣಿ ನೋಡತೊಡಗಿದ. ಇಪ್ಪತ್ತು ವರ್ಷ ಈ ಬಾಣ ಬಿಟ್ಟವನು ನಾನು. ಈಗ ಅದರ ಮುಂದೆ ಎದೆಯೊಡ್ಡಿ ನಿಂತವನೂ ನಾನೇ. ಲಿಯಾ ಹೇಳುತ್ತಿರುವುದು ಕಂಡ ನೆನಪಲ್ಲ, ಬರೀ ಚಿತ್ರಗಳು, ಭಾವನೆಗಳು; ಅವಳಲ್ಲೂ ಶಕ್ತಿ ಇದೆ, ಆ ಮೂಲಕ ತಾಯಿಯ ದುಃಖ ಅವಳನ್ನು ಮುಟ್ಟಿರಬಹುದು ಎಂದು ನಾನು ವಿವರಿಸಿದೆ. ದನಿಯಲ್ಲಿ ಎಷ್ಟು ಭರವಸೆ ಇತ್ತೆಂದರೆ ತಮ್ಮನೇ ಬಾಯಿ ತೆರೆದು ನನ್ನನ್ನು ನೋಡಿದ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಅದು ನೀವು ಈಗ ಮಾಡಿಕೊಂಡ ಉತ್ತರ, ಮಾಮ” ಎಂದು ಹೇಳಿ ರಿಮೋಟ್ ಒತ್ತಿದಳು.