ಕಾಲೊನಿಯ ಕುಡಿಯುವ ನೀರಿನ ಬೋರ್‌ವೆಲ್ಲಿಗೆ ಸೋಲಾರ್: ಲೆಕ್ಕ ಶುರುವಾಗುವುದು ಪ್ಯಾನಲ್ಲಿನಿಂದಲ್ಲ

ಪಾವಗಡ, ಮಧುಗಿರಿ, ಗುಡಿಬಂಡೆ, ಬಾಗೇಪಲ್ಲಿ, ಶ್ರೀನಿವಾಸಪುರ ಕಡೆಯ ನಾಯಕ ಸಮುದಾಯದ ಕಾಲೊನಿಗಳಿಗೆ ಸೋಲಾರ್ ಹಾಕಿಸಬೇಕು ಎಂದು ಪಂಚಾಯಿತಿಯವರು ಕೇಳಿದಾಗ ನಾವು ಮೊದಲು ತರಿಸಿಕೊಳ್ಳುವುದು ಕುಡಿಯುವ ನೀರಿನ ಆರ್.ಆರ್. ನಂಬರಿನ ಬೆಸ್ಕಾಂ ಬಿಲ್ಲು, ಬೋರ್ ಕೊರೆದಾಗಿನ ವರದಿ ಮತ್ತು ಈಗಿರುವ ಪಂಪಿನ ನೇಮ್‌ಪ್ಲೇಟಿನ ಫೋಟೊ. ಮನೆಗಳ ಚಾವಣಿಯ ಮಾತು ಆಮೇಲೆ. 2023ರ ಜುಲೈನಿಂದ ಗೃಹಜ್ಯೋತಿ ಬಂದ ಮೇಲೆ ಕಾಲೊನಿಯ ಮನೆಗಳಿಗೆ ಕರೆಂಟ್ ಬಿಲ್ಲಿನ ಹೊರೆ ಇಲ್ಲ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ ನಿಜ, ಆದರೆ ಉಳಿದ ಹಣವನ್ನು ಮನೆಯವರೇ ಹಾಕಬೇಕು, ಚಾವಣಿ ಶೀಟಿನದಾಗಿದ್ದರೆ ಅದರ ಕೆಲಸವೇ ಬೇರೆ. ಹೊರೆ ಇರುವುದು ಪಂಚಾಯಿತಿಯ ತಲೆಯ ಮೇಲೆ: ನೀರಿನ ಎಲ್‌ಟಿ-6(ಎ) ಬಿಲ್ಲು, ಬೀದಿ ದೀಪದ ಎಲ್‌ಟಿ-6(ಬಿ) ಬಿಲ್ಲು.

ಅದರಲ್ಲೂ ನೀರಿನದೇ ದೊಡ್ಡದು. ಊರಿಂದ ದೂರ ಹೊಲದ ನಡುವೆ ಇರುವ ಬೋರುಗಳಿಗೆ ಎಷ್ಟೋ ಕಡೆ ಪಂಪ್‌ಸೆಟ್ ಫೀಡರಿನಿಂದಲೇ ಲೈನು ಎಳೆದಿರುತ್ತಾರೆ. ಅಲ್ಲಿ ತ್ರೀಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಪಾಳಿಯ ಮೇಲೆ ರಾತ್ರಿ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು ಕಣ್ಣೆದುರೇ ಇದ್ದರೂ ಪಕ್ಕದ ಊರಿನ ನೀರುಗಂಟಿ ರಾತ್ರಿ ಎದ್ದು ಸ್ಟಾರ್ಟರ್ ಒತ್ತಬೇಕು ಏಕೆ ಎಂದು ಜನ ಕೇಳುತ್ತಾರೆ. ಪಾರ್ಕಿನ ಕರೆಂಟು ಹೋಗುವುದು ಹೈಟೆನ್ಷನ್ ಲೈನಿಗೆ. ಊರಿನ 11 ಕೆವಿ ಫೀಡರಿನ ಪಾಳಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಹೀಗಾಗಿ ಕಾಲೊನಿಗೆ ಹಗಲು ನೀರು ಬೇಕೆಂದರೆ ಬೋರಿನ ಹತ್ತಿರವೇ ಕರೆಂಟು ಹುಟ್ಟಿಸುವುದು ಸಲೀಸು.

ಹಣದ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಬಾಗಿಲು ತಟ್ಟಿ ವರ್ಷ ಕಳೆಯುವವರೇ ಹೆಚ್ಚು. ಪಿಎಂ ಕುಸುಮ್‌ನ ಬಿ ಘಟಕ ನೀರಾವರಿಗೆ, ರೈತರಿಗೆ. ಪಂಚಾಯಿತಿಯ ಕುಡಿಯುವ ನೀರಿಗಲ್ಲ. ಪಿಎಂ ಜನ್‌ಮನ್ ಇರುವುದು ವಿಶೇಷ ದುರ್ಬಲ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಜೇನುಕುರುಬರು ಮತ್ತು ಕೊರಗರು ಮಾತ್ರ ಆ ಪಟ್ಟಿಯಲ್ಲಿದ್ದಾರೆ, ನಾಯಕರ ಕಾಲೊನಿಗೆ ಅದು ಅನ್ವಯಿಸುವುದಿಲ್ಲ. 2024ರ ಅಕ್ಟೋಬರಿನಲ್ಲಿ ಶುರುವಾದ ಧರ್ತಿ ಆಬಾ ಅಭಿಯಾನ ಪರಿಶಿಷ್ಟ ಪಂಗಡದವರು ಹೆಚ್ಚಿರುವ ಹಳ್ಳಿಗಳಿಗೆ. ನಿಮ್ಮ ಹಳ್ಳಿ ಅದರ ಪಟ್ಟಿಯಲ್ಲಿದೆಯೇ ಎಂದು ಜಿಲ್ಲೆಯ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ನೋಡಿಸಿ. ನಮ್ಮ ಕೆಲಸಗಳು ಹೆಚ್ಚಾಗಿ ನಡೆದಿರುವುದು 15ನೇ ಹಣಕಾಸು ಆಯೋಗದ ನಿರ್ಬಂಧಿತ ಅನುದಾನದಲ್ಲಿ. 2021–26ರ ಅವಧಿಯ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಸಾಲದ್ದನ್ನು 2013ರ ಉಪಯೋಜನೆ ಕಾಯ್ದೆಯಡಿ ಬರುವ ಗಿರಿಜನ ಉಪಯೋಜನೆಯ ಹಣದಲ್ಲಿ ತುಂಬಿಸಿಕೊಳ್ಳಬಹುದು. ಚಿಕ್ಕನಾಯಕನಹಳ್ಳಿ ಕಡೆಯ ಗಣಿಬಾಧಿತ ಹಳ್ಳಿಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಗ್ರಾಮಸಭೆಯ ಠರಾವಿನಲ್ಲಿ ‘ಸೋಲಾರ್ ಅಳವಡಿಕೆ’ ಎಂದಷ್ಟೇ ಬರೆಸಬೇಡಿ. ‘ಕುಡಿಯುವ ನೀರಿನ ಕೊಳವೆಬಾವಿಗೆ ಸೌರ ಪಂಪು’ ಎಂದು ಬರೆಸಿದರೆ ಲೆಕ್ಕಪರಿಶೋಧನೆಯಲ್ಲಿ ತಕರಾರು ಕಡಿಮೆ.

ಇನ್ನು ಕೊಳವೆಬಾವಿ. ನಮ್ಮ ಕಡೆ ‘ಎರಡಿಂಚು ನೀರು’, ‘ಎರಡೂವರೆ ಇಂಚು ನೀರು’ ಎನ್ನುವುದು ರೂಢಿ. ಅದು ವಿ-ನಾಚ್ ಪೆಟ್ಟಿಗೆಯ ಅಳತೆ: V ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ. 90 ಡಿಗ್ರಿಯ ನಾಚ್ ಆದರೆ 2 ಇಂಚಿಗೆ ಗಂಟೆಗೆ ಸುಮಾರು 2,900 ಲೀಟರ್, 2.5 ಇಂಚಿಗೆ ಸುಮಾರು 5,000, 3 ಇಂಚಿಗೆ ಹತ್ತಿರ ಹತ್ತಿರ 8,000. ಅರ್ಧ ಇಂಚಿಗೆ ಇಷ್ಟು ವ್ಯತ್ಯಾಸ ಇರುವುದರಿಂದ ಬಾಯಿಮಾತಿನ ಇಂಚನ್ನು ನಂಬಬಾರದು. ಕೊರೆದ ದಿನದ ಇಂಚನ್ನಂತೂ ನಂಬಲೇಬಾರದು. ಹಳೆ ಪಂಪನ್ನೇ ನಾಲ್ಕು ಗಂಟೆ ಎಡೆಬಿಡದೆ ಓಡಿಸಿ, ಕೊನೆಯ ಅರ್ಧ ಗಂಟೆಯ ಹರಿವು ಮತ್ತು ನೀರಿನ ಮಟ್ಟ ಅಳೆಯಬೇಕು. ನಮಗೆ ಬೇಕಾದ್ದು ಬೋರಿನ ಆಳವಲ್ಲ, ಪಂಪು ಓಡುವಾಗ ನೀರು ನಿಲ್ಲುವ ಮಟ್ಟ. 1,200 ಅಡಿ ಬೋರಿನಲ್ಲಿ ನೀರು 500 ಅಡಿಗೇ ನಿಂತರೆ ಲೆಕ್ಕ 500 ಅಡಿಯದೇ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತರುವ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಿಂದ ತುಂಬಿದ ಕೆರೆಗಳ ಆಸುಪಾಸಿನ ಬೋರುಗಳಲ್ಲಿ ಈ ಮಟ್ಟ ಮೇಲೆ ಬಂದಿದೆ. ಅಂಥ ಕಡೆ ಹತ್ತು ವರ್ಷ ಹಿಂದಿನ ವರದಿ ಹಿಡಿದು ಪಂಪು ಕೊಂಡರೆ ದುಡ್ಡು ದಂಡ. ಅಳತೆಯನ್ನು ಏಪ್ರಿಲ್‌ನಲ್ಲಿ ಮಾಡಿ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 80 ಮನೆ, 370 ಜನ ಎಂದುಕೊಳ್ಳಿ. ಜಲಜೀವನ್ ಮಿಷನ್ನಿನ ತಲೆಗೆ 55 ಲೀಟರಿನಂತೆ ಸುಮಾರು 20,400 ಲೀಟರ್. 60 ದನಕ್ಕೆ ತಲಾ 40, 300 ಕುರಿ-ಮೇಕೆಗೆ ತಲಾ 5 ಲೀಟರ್ ಸೇರಿಸಿ. (ಕುರಿಯನ್ನು ಬಿಟ್ಟು ಲೆಕ್ಕ ಹಾಕಿದ ಅಂದಾಜು ಪಟ್ಟಿ ಬೇಸಿಗೆಯಲ್ಲಿ ಜಗಳಕ್ಕೆ ದಾರಿ.) ಅಂಗನವಾಡಿ, ಸೋರಿಕೆ ಸೇರಿ ದಿನಕ್ಕೆ 25,000 ಲೀಟರ್. ನೀರಿನ ಮಟ್ಟ, ಟ್ಯಾಂಕಿನ ಎತ್ತರ, ಪೈಪಿನ ತಿಕ್ಕಾಟ ಎಲ್ಲ ಕೂಡಿ ಹೆಡ್ (ಪಂಪು ನೀರೆತ್ತಬೇಕಾದ ಒಟ್ಟು ಎತ್ತರ) 180 ಮೀಟರ್, ಅಂದರೆ 590 ಅಡಿ. ಘನಮೀಟರ್ × ಮೀಟರ್ × 2.725 ಮಾಡಿದರೆ ನೀರೆತ್ತಲು ಬೇಕಾದ ಶಕ್ತಿ ವ್ಯಾಟ್-ಗಂಟೆಯಲ್ಲಿ ಸಿಗುತ್ತದೆ: 25 × 180 × 2.725, ಸುಮಾರು 12,260. ಪಂಪು, ಮೋಟರು, ಕೇಬಲ್ ಕೂಡಿ ಶೇ 40 ದಕ್ಷತೆ ಹಿಡಿದರೆ 30.7 ಯೂನಿಟ್. ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು, ಧೂಳು-ಬಿಸಿಗೆ 0.75 ಎಂದು ಭಾಗಿಸಿದರೆ 8.2 ಕಿಲೋವ್ಯಾಟ್ ಪ್ಯಾನಲ್. ಪಂಪು 7.5 ಎಚ್‌ಪಿ, ಗಂಟೆಗೆ 5,600 ಲೀಟರಿನದು. ಅಂದರೆ ಬೋರಿನಲ್ಲಿ 3 ಇಂಚು ನೀರಿರಬೇಕು. 2.5 ಇಂಚೇ ಇದ್ದರೆ ಚಿಕ್ಕ ಪಂಪು ಹಾಕಿ, ಕೊರತೆಗೆ ಇನ್ನೊಂದು ಬೋರು ಹುಡುಕುವುದೇ ಸರಿ. ಪ್ಯಾನಲ್ ಹೆಚ್ಚಿಸಿ ಪ್ರಯೋಜನವಿಲ್ಲ.

ಬ್ಯಾಟರಿ ಬೇಡ, ಟ್ಯಾಂಕೇ ಬ್ಯಾಟರಿ. ಎರಡು ದಿನದ ನೀರು ಹಿಡಿಯುವ 50,000 ಲೀಟರ್ ಓವರ್‌ಹೆಡ್ ಟ್ಯಾಂಕ್ ಇದ್ದರೆ ನವೆಂಬರಿನ ಸೈಕ್ಲೋನ್ ಮೋಡಕ್ಕೂ ಅರ್ಧ ಭಯ ಹೋಯಿತು.

ಸೋಲುವುದು ಹೆಚ್ಚಾಗಿ ವೋಲ್ಟೇಜಿನಲ್ಲಿ. ಈಗ ಬರುವ 540 ವ್ಯಾಟಿನ ಪ್ಯಾನಲ್ ಕೆಲಸ ಮಾಡುವಾಗ ಸುಮಾರು 41.5 ವೋಲ್ಟ್ ಕೊಡುತ್ತದೆ, ಏನನ್ನೂ ಓಡಿಸದೆ ತೆರೆದಿಟ್ಟಾಗ 49.5. ಹದಿನೈದನ್ನು ಸಾಲಾಗಿ ಜೋಡಿಸಿದರೆ 8.1 ಕಿಲೋವ್ಯಾಟ್ ಆಯಿತು, 622 ವೋಲ್ಟ್. ಡಿಸೆಂಬರಿನ ಬೆಳಗ್ಗೆ 15 ಡಿಗ್ರಿ ಚಳಿಯಲ್ಲಿ ತೆರೆದ ವೋಲ್ಟೇಜ್ 762ರ ತನಕ ಏರುತ್ತದೆ. ಪ್ಯಾನಲ್ಲಿನ ಡಿಸಿ ಕರೆಂಟನ್ನು ಮೋಟರಿಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆಗೆ ಡ್ರೈವ್ ಎನ್ನುತ್ತಾರೆ. ಬಹುತೇಕ ಡ್ರೈವ್‌ಗಳ ಮಿತಿ 800, ಸರಿಹೋಯಿತು. ಹದಿನಾರು ಹಾಕಿದರೆ 813. ಒಂದು ಚಳಿಯ ಬೆಳಗ್ಗೆ ಡ್ರೈವ್ ಟ್ರಿಪ್ ಆಗುತ್ತದೆ, ಇಲ್ಲವೇ ಸುಟ್ಟೇಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನಲ್ 65 ಡಿಗ್ರಿಗೆ ಕಾದಾಗ ಅದೇ ಹದಿನೈದು ಕೊಡುವುದು 535 ವೋಲ್ಟ್ ಮಾತ್ರ. ಅದರಿಂದ ಮೋಟರಿಗೆ ಸಿಗುವುದು 378 ವೋಲ್ಟ್ ಎಸಿ. ಮೋಟರಿನ ನೇಮ್‌ಪ್ಲೇಟಿನಲ್ಲಿ 380 ಎಂದಿದ್ದರೆ 50 ಹರ್ಟ್ಸ್‌ನ, ಅಂದರೆ ಪೂರ್ತಿ ವೇಗದ, ಹತ್ತಿರವೇ ಓಡುತ್ತದೆ. 415 ಎಂದಿದ್ದು ಡ್ರೈವ್‌ನಲ್ಲೂ ಹಾಗೇ ತುಂಬಿದ್ದರೆ 45 ಹರ್ಟ್ಸ್‌ಗೆ ನಿಲ್ಲುತ್ತದೆ. ಬಿಸಿಲು ಸುಡುತ್ತಿದೆ, ನೀರು ಮಾತ್ರ ಸಣ್ಣಗಾಗಿದೆ ಎಂಬ ದೂರು ಬರುವುದು ಇದರಿಂದ. ಬೈಸಿಕೊಳ್ಳುವುದು ಪ್ಯಾನಲ್.

5 ಎಚ್‌ಪಿಗೆ ‘540ರದು ಹತ್ತು ಸಾಕು’ ಎನ್ನುವ ವ್ಯಾಪಾರಿಯ ಮಾತು ಕಿಲೋವ್ಯಾಟಿಗೆ ಸರಿ, ವೋಲ್ಟೇಜಿಗೆ ಅಲ್ಲ: 415 ವೋಲ್ಟಿಗೇ ಮುಗಿಯಿತು. ಅಂಥ ಕಡೆ 335 ವ್ಯಾಟಿನ ಹದಿನೈದು, ಇಲ್ಲವೇ ವೋಲ್ಟೇಜ್ ಏರಿಸುವ ಬೂಸ್ಟ್ ಇರುವ ಡ್ರೈವ್, ಇಲ್ಲವೇ ಕಡಿಮೆ ವೋಲ್ಟೇಜಿನ ಸೋಲಾರ್ ಮೋಟರ್ ಬೇಕು.

ಸೋಲುವ ಎರಡನೆಯ ಜಾಗ ಕನಿಷ್ಠ ಫ್ರೀಕ್ವೆನ್ಸಿ, ಅಂದರೆ ಡ್ರೈವ್ ಮೋಟರನ್ನು ಓಡಿಸುವ ಅತಿ ಕಡಿಮೆ ವೇಗ. ಪಂಪು ಎತ್ತುವ ಎತ್ತರ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 50 ಹರ್ಟ್ಸ್‌ನಲ್ಲಿ 250 ಮೀಟರ್ ಶಟ್‌ಆಫ್ ಹೆಡ್ (ಹರಿವು ಸೊನ್ನೆಯಾಗುವ ಎತ್ತರ) ಇರುವ ಪಂಪು 180 ಮೀಟರ್ ಮುಟ್ಟಲು 42.4 ಹರ್ಟ್ಸ್ ಬೇಕು. ಅದಕ್ಕಿಂತ ಕೆಳಗೆ ಮೋಟರು ತಿರುಗುತ್ತದೆ, ಮೀಟರಿನಲ್ಲಿ ಕರೆಂಟು ಕಾಣುತ್ತದೆ, ಒಂದು ತೊಟ್ಟು ನೀರೂ ಮೇಲೆ ಬರುವುದಿಲ್ಲ. ನೀರು ಹರಿಯದಿದ್ದರೆ ಮೋಟರಿಗೆ ತಂಪೂ ಇಲ್ಲ. ಕಾರ್ಖಾನೆಯಿಂದ ಬಂದ ಸೆಟ್ಟಿಂಗಿನಲ್ಲಿ ಕನಿಷ್ಠ 20 ಅಥವಾ 25 ಹರ್ಟ್ಸ್ ಇರುವುದುಂಟು. ಹಾಗೇ ಬಿಟ್ಟರೆ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ, ಸಂಜೆ ಮತ್ತೆ, ಮೋಟರು ನಿಂತ ನೀರಿನಲ್ಲಿ ಬಿಸಿಯಾಗುತ್ತಾ ಇರುತ್ತದೆ. ವೈಂಡಿಂಗ್ ಸುಟ್ಟಾಗ ‘ಸೋಲಾರ್ ಮೋಟರಿಗೆ ಆಗಿಬರುವುದಿಲ್ಲ’ ಎಂಬ ಮಾತು ಹುಟ್ಟುತ್ತದೆ. 43ಕ್ಕೆ ಇಡಿ. ಅಷ್ಟು ಬಿಸಿಲಿಲ್ಲದಿದ್ದರೆ ಪಂಪು ಮಲಗಿರಲಿ. ನೀರಿನ ಮಟ್ಟ ಇಳಿಯುವ ಬೇಸಿಗೆಯಲ್ಲಿ ಇದನ್ನು ಒಂದೆರಡು ಹರ್ಟ್ಸ್ ಏರಿಸಬೇಕಾಗುತ್ತದೆ. ಡ್ರೈರನ್ ರಕ್ಷಣೆಯನ್ನು (ನೀರಿಲ್ಲದೆ ಓಡಿದರೆ ಪಂಪು ನಿಲ್ಲಿಸುವ ಏರ್ಪಾಡು) ಬರೀ ಆಂಪಿಯರಿಗೆ ಕಟ್ಟಿದರೆ ಮೋಡ ಬಂದಾಗಲೆಲ್ಲ ಸುಳ್ಳು ಟ್ರಿಪ್. ಫ್ರೀಕ್ವೆನ್ಸಿಯ ಜೊತೆಗೆ ವ್ಯಾಟ್ ನೋಡುವ ಡ್ರೈವ್ ತೆಗೆದುಕೊಂಡು, ಬೋರು ತುಂಬಿಕೊಳ್ಳಲು ಅರ್ಧ ಗಂಟೆ ಬಿಟ್ಟು ಮತ್ತೆ ಶುರುವಾಗುವಂತೆ ಇಡಬೇಕು.

ಪ್ಯಾನಲ್ ಬೋರಿನ ಹತ್ತಿರವೇ ಇರಬೇಕೆಂದಿಲ್ಲ. ಹೊಲದ ನಡುವೆ ಇಟ್ಟರೆ ಕಳ್ಳತನ, ಕಾಲೊನಿಯ ಸಮುದಾಯ ಭವನದ ಆರ್‌ಸಿಸಿ ಮೇಲೆ ಇಟ್ಟರೆ ಹತ್ತು ಕಣ್ಣು. 150 ಮೀಟರ್ ದೂರಕ್ಕೆ 6 ಚದರ ಮಿ.ಮೀ. ಡಿಸಿ ಕೇಬಲ್ ಎಳೆದರೂ ಸೋರುವುದು 12 ವೋಲ್ಟ್, ಶೇ 2. ಡ್ರೈವನ್ನು ಮಾತ್ರ ಪಂಪ್‌ಹೌಸಿನಲ್ಲೇ, ಬಿಸಿಲು ಬೀಳದ ಉತ್ತರದ ಗೋಡೆಗೆ ಹಾಕಿ. ಬೋರಿನೊಳಗಿನ ಕೇಬಲ್ಲೇ 200 ಮೀಟರ್ ಮೀರುತ್ತದೆ. 4 ಚದರ ಮಿ.ಮೀ. ಇಳಿಸಿದರೆ 20 ವೋಲ್ಟ್ ಅಲ್ಲೇ ಹೋಯಿತು, 6ರದು ಇಳಿಸಿ. ಇಷ್ಟುದ್ದದ ಕೇಬಲ್ಲಿಗೆ ಡ್ರೈವಿನ ಔಟ್‌ಪುಟ್‌ನಲ್ಲಿ ಫಿಲ್ಟರ್ ಇಲ್ಲದಿದ್ದರೆ ವೋಲ್ಟೇಜಿನ ಹೊಡೆತ ನೇರ ವೈಂಡಿಂಗಿಗೆ. ಕೊಟೇಶನ್ನಿನಲ್ಲಿ ಕಡಿಮೆ ದರ ತೋರಿಸಲು ಬಿಟ್ಟುಬಿಡುವ ಮೊದಲ ಸಾಮಾನೇ ಇದು. ಎರಡನೆಯದು ಪ್ಯಾನಲ್ ಕಡೆಯ ಕರೆಂಟು ಕಡಿಯುವ ಸ್ವಿಚ್ಚು, ಡಿಸಿ ಐಸೊಲೇಟರ್: ಅದರ ಜಾಗದಲ್ಲಿ ಮನೆಗೆ ಹಾಕುವ ಎಸಿ ಎಂಸಿಬಿ ಕೂರಿಸಿರುತ್ತಾರೆ. ಲೋಡಿನಲ್ಲಿ ಎಳೆದರೆ 600 ವೋಲ್ಟಿನ ಡಿಸಿ ಕಿಡಿ ಆರುವುದಿಲ್ಲ, ಪೆಟ್ಟಿಗೆಯೇ ಹೊತ್ತಿಕೊಳ್ಳುತ್ತದೆ.

ಪ್ಯಾನಲ್ಲಿನ ಓರೆ 13ರಿಂದ 15 ಡಿಗ್ರಿ, ಮುಖ ದಕ್ಷಿಣಕ್ಕೆ. ಕೋಲಾರದ ಬಂಡೆ ನೆಲದಲ್ಲಿ 3 ಮೀಟರ್ ಅರ್ತ್ ರಾಡ್ ಇಳಿಯುವುದೇ ಇಲ್ಲ. ರಾಡನ್ನು ಕೊಯ್ದು ಹೂಳುವ ಬದಲು ಉದ್ದನೆಯ ಕಾಲುವೆ ತೋಡಿ ಜಿಐ ಪಟ್ಟಿ ಮಲಗಿಸಿ ಬೆಂಟೊನೈಟ್ ತುಂಬಿ, 5 ಓಮ್‌ಗಿಂತ ಕೆಳಗೆ ಬಂದದ್ದನ್ನು ಮೀಟರಿನಲ್ಲಿ ನೋಡಿಯೇ ಬಿಲ್ಲಿಗೆ ಸಹಿ ಹಾಕಬೇಕು. ಏಪ್ರಿಲ್-ಮೇ ಸಿಡಿಲಿಗೆ ಸರ್ಜ್ ರಕ್ಷಕವೊಂದೇ ಸಾಲದು. ಅರ್ತ್ ಸರಿ ಇಲ್ಲದಿದ್ದರೆ ಅದು ಹೆಸರಿಗೆ ಮಾತ್ರ.

ಬೆಸ್ಕಾಂ ಸಂಪರ್ಕ ತೆಗೆಸಬೇಡಿ. ಮೂರು ಸ್ಥಾನದ ಚೇಂಜ್‌ಓವರ್ ಹಾಕಿ: ಸೋಲಾರ್, ಬಂದ್, ಲೈನು. ಡ್ರೈವಿನ ಔಟ್‌ಪುಟ್ಟಿಗೆ ಲೈನ್ ಕರೆಂಟು ತಾಗಿದ ಕ್ಷಣ ಡ್ರೈವ್ ಹೋಯಿತೆಂದೇ ಲೆಕ್ಕ, ಆದ್ದರಿಂದ ಎರಡು ಸ್ವಿಚ್ಚು ಇಟ್ಟು ‘ನೋಡಿಕೊಂಡು ಹಾಕು’ ಎಂದು ನೀರುಗಂಟಿಗೆ ಹೇಳುವ ಏರ್ಪಾಡು ಬೇಡವೇ ಬೇಡ. ಎರಡೂ ಕಡೆ ಮೋಟರು ಒಂದೇ ದಿಕ್ಕಿಗೆ ತಿರುಗುತ್ತದೆಯೇ ಎಂದು ನೋಡಬೇಕು. ಉಲ್ಟಾ ತಿರುಗಿದರೂ ಸ್ವಲ್ಪ ನೀರು ಬರಬಹುದು, ಅದಕ್ಕೇ ಗೊತ್ತಾಗುವುದಿಲ್ಲ. ಎರಡು ವೈರು ಅದಲುಬದಲು ಮಾಡಿ ಹೆಚ್ಚು ನೀರು ಬಂದದ್ದೇ ಸರಿ ದಿಕ್ಕು. ಲೈನಿಗೆ ವಾಪಸ್ ಕರೆಂಟು ಕೊಡದ ಕಾರಣ ನೆಟ್ ಮೀಟರಿನ ಓಡಾಟವಿಲ್ಲ. ಬಿಲ್ಲು ಸೊನ್ನೆ ಆಗುತ್ತದೆ ಎಂದು ಸದಸ್ಯರಿಗೆ ಮಾತು ಕೊಡಬೇಡಿ. ತಿಂಗಳ 900 ಯೂನಿಟ್ ಉಳಿದರೂ ಫಿಕ್ಸೆಡ್ ಚಾರ್ಜ್ ಬರುತ್ತಲೇ ಇರುತ್ತದೆ.

ಪ್ಯಾನಲ್ ತೊಳೆಯುವುದು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮೊದಲು. ಶುದ್ಧ ನೀರಿನ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರು ಪುಕ್ಕಟೆ ಎಂದು ಅದರಲ್ಲೇ ತೊಳೆಯುವವರಿದ್ದಾರೆ. ಅದರಲ್ಲಿ ಬೋರಿನ ನೀರಿಗಿಂತ ಹೆಚ್ಚು ಉಪ್ಪಿರುತ್ತದೆ. ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿ, ಕೆರೆದರೂ ಹೋಗುವುದಿಲ್ಲ. ಘಟಕದ ಶುದ್ಧ ನೀರನ್ನೇ ಬಳಸಿ, ಹದಿನೈದು ಪ್ಯಾನಲ್ಲಿಗೆ ನಾಲ್ಕೈದು ಕೊಡ ಸಾಕು.

ಟೆಂಡರಿನ ಅಂದಾಜಿನಲ್ಲಿ ಜಿಎಸ್‌ಟಿ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ದರ ಶೇ 12ರಿಂದ 5ಕ್ಕೆ ಇಳಿದಿದೆ. ಸಾಮಾನು-ಕೆಲಸ ಒಟ್ಟಿಗೆ ಗುತ್ತಿಗೆಯಾದರೆ ಶೇ 70 ಭಾಗಕ್ಕೆ 5, ಶೇ 30 ಭಾಗಕ್ಕೆ 18, ಕೂಡಿ ಶೇ 8.9. ಹಳೆ ಪಟ್ಟಿಯಲ್ಲಿ 13.8 ಹಾಗೇ ಉಳಿದಿರುತ್ತದೆ. ಐದು ವರ್ಷದ ನಿರ್ವಹಣೆಯನ್ನು ಅದೇ ಟೆಂಡರಿನಲ್ಲಿ ಸೇರಿಸಿ. ಬೇಸಿಗೆಯಲ್ಲಿ ಮಧ್ಯಾಹ್ನದೊಳಗೇ ಟ್ಯಾಂಕು ತುಂಬಿದ ದಿನ ಉಳಿದ ಬಿಸಿಲಿನಲ್ಲಿ ಹಿಟ್ಟಿನ ಗಿರಣಿಯನ್ನೋ ಮೇವು ಕತ್ತರಿಸುವ ಯಂತ್ರವನ್ನೋ ಓಡಿಸುವ ಆಸೆಯಿದ್ದರೆ ಯೂನಿವರ್ಸಲ್ ಕಂಟ್ರೋಲರನ್ನು ಮೊದಲೇ ಬರೆಸಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಕೊನೆಯ ಬಿಲ್ಲಿಗೆ ಮುನ್ನ ನಿಚ್ಚಳ ಬಿಸಿಲಿನ ಹನ್ನೆರಡು ಗಂಟೆಗೆ, ನೀರು ಪೂರ್ತಿ ಟ್ಯಾಂಕಿನ ಎತ್ತರಕ್ಕೆ ಏರುವ ಪೈಪಿನ ಬಾಯಲ್ಲೇ 200 ಲೀಟರಿನ ಡ್ರಮ್ ಹಿಡಿಯಿರಿ. 5,600 ಲೀಟರಿನ ಪಂಪಾದರೆ ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ ತುಂಬಬೇಕು. ನೆಲಮಟ್ಟದಲ್ಲಿ ವಾಲ್ವ್ ತೆರೆದು ತೋರಿಸುವ ಹರಿವನ್ನು ಒಪ್ಪಬೇಡಿ.

ಡ್ರೈವಿನ ಪಾಸ್‌ವರ್ಡ್ ಪಂಚಾಯಿತಿಯ ಕೈಗೆ ಬರಲೇಬೇಕು. ಗುತ್ತಿಗೆದಾರ ಲಾಕ್ ಮಾಡಿ ಹೋದರೆ ಒಂದು ಹರ್ಟ್ಸ್ ಬದಲಿಸಲೂ ಅವನನ್ನೇ ಕಾಯಬೇಕಾಗುತ್ತದೆ. ಕನಿಷ್ಠ ಫ್ರೀಕ್ವೆನ್ಸಿ, ಮೋಟರಿನ ವೋಲ್ಟೇಜು, ಆಂಪಿಯರು, ಡ್ರೈರನ್ ವ್ಯಾಟು, ಮತ್ತೆ ಶುರುವಾಗುವ ಸಮಯ, ಇವನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಪ್ಯಾನೆಲ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಪಕ್ಕದಲ್ಲಿ ಒಂದು ಡಬ್ಬಿ: ಎರಡು ಸರ್ಜ್ ಕಾರ್ಟ್ರಿಜ್, ಡ್ರೈವಿನ ಒಂದು ಫ್ಯಾನ್, ಹಾಕಿರುವ ಕಂಪನಿಯದೇ ನಾಲ್ಕು ಜೊತೆ ಎಂಸಿ4 (ಪ್ಯಾನಲ್ಲಿನ ವೈರು ಜೋಡಿಸುವ) ಕನೆಕ್ಟರ್. ಬೇರೆ ಕಂಪನಿಯದನ್ನು ಒಂದಕ್ಕೊಂದು ಸಿಕ್ಕಿಸಿದರೆ ಕೂರುವಂತೆ ಕಾಣುತ್ತದೆ, ಒಳಗೆ ಸಡಿಲ ಉಳಿದು ಕರಗುತ್ತದೆ.